ಒಂಬತ್ತನ್ನು ಹದಿನೈದು ಮಾಡಹೊರಡುವವರ ಅವಗಾಹನೆಗೆ

ಇವರಿಗೆ,
ಸರ್ವೋಚ್ಚ ನ್ಯಾಯಾಲಯದ ಮೇಲೆ ಈಗಾಗಲೇ ಮುನಿಸಿಕೊಂಡಿರುವ ಹಾಗೂ ಮುಂದೆ ಮುನಿಸಿಕೊಳ್ಳಲಿರುವ ಅಮೆರಿಕದ ಸಮಸ್ತ ಘನವೆತ್ತ ಅಧ್ಯಕ್ಷರು,
ಶ್ವೇತಭವನ, ವಾಷಿಂಗ್ಟನ್.

ವಿಷಯ: ತೀರ್ಪು ರುಚಿಸದಿದ್ದಲ್ಲಿ ತೀರ್ಪುಗಾರರ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುವ ಕುರಿತು.
ಉಲ್ಲೇಖ: ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರು 1937ರ ಫೆಬ್ರವರಿ 5ರಂದು ಕಾಂಗ್ರೆಸ್ಸಿಗೆ ಕಳಿಸಿದ ಸಂದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಘನವೆತ್ತ ಅಧ್ಯಕ್ಷರ ಅವಗಾಹನೆಗೆ ತರುವುದೇನೆಂದರೆ, ನಾಲ್ಕು ವರ್ಷಗಳ ಅವಧಿಗೆ ಆರಿಸಿಬಂದವರು ಜೀವಾವಧಿಗೆ ನೇಮಕಗೊಂಡವರೊಡನೆ ಜಗಳ ಕಾಯುವುದು ಆ ದೇಶದಲ್ಲಿ ಬಹು ಹಳೆಯ ಪದ್ಧತಿಯಾಗಿದ್ದು, ಅದಕ್ಕೆ ಯಾರ ಪೂರ್ವಾನುಮತಿಯೂ ಬೇಕಾಗಿಲ್ಲ. ಕಾಂಗ್ರೆಸ್ಸು ಅಂಗೀಕರಿಸಿ ಅಧ್ಯಕ್ಷರು ಸಹಿ ಹಾಕಿದ ಕಾನೂನು ಸಂವಿಧಾನಕ್ಕೆ ಒಪ್ಪುತ್ತದೆಯೇ ಎಂದು ಪರೀಕ್ಷಿಸಿ, ಒಪ್ಪದಿದ್ದರೆ ಅಸಿಂಧುವೆಂದು ಸಾರುವ ಅಧಿಕಾರಕ್ಕೆ ನ್ಯಾಯಿಕ ಪರಾಮರ್ಶೆ ಎಂದು ಹೆಸರು. ಈ ಅಧಿಕಾರ ಯಾರದೆಂದು ಸಂವಿಧಾನ ಬಾಯಿಬಿಟ್ಟು ಹೇಳದ ಕಾರಣ, 1803ರ ಮಾರ್ಬರಿ ಪ್ರಕರಣದಲ್ಲಿ ನ್ಯಾಯಾಲಯವೇ ಅದು ತನ್ನದೆಂದು ತೀರ್ಪಿತ್ತು ವಹಿಸಿಕೊಂಡಿತು. ನ್ಯಾಯಮೂರ್ತಿಗಳು ಎಷ್ಟು ಮಂದಿ ಇರಬೇಕೆಂಬುದನ್ನೂ ಸಂವಿಧಾನ ಹೇಳಿಲ್ಲವಾಗಿ, ಮೊದಲು ಆರಿದ್ದ ಸಂಖ್ಯೆ ಏಳಾಗಿ, ಒಂಬತ್ತಾಗಿ, ಅಂತರ್ಯುದ್ಧದ ಕಾಲಕ್ಕೆ ಹತ್ತಾಗಿ, ಮತ್ತೆ ಇಳಿದು, 1869ರಿಂದ ಒಂಬತ್ತರಲ್ಲಿ ನಿಂತಿದೆ. ಒಂದೇ ಸಂವಿಧಾನದ ಮೌನದಿಂದ ಒಂದು ಪಕ್ಷ ಅಧಿಕಾರವನ್ನೂ ಇನ್ನೊಂದು ಪಕ್ಷ ಕುರ್ಚಿಗಳನ್ನೂ ಪಡೆಯಲು ಅವಕಾಶವಿರುವಾಗ ಜಗಳಕ್ಕೆ ಸಾಮಗ್ರಿಯ ಕೊರತೆ ಉಂಟಾಗುವ ಸಂಭವವೇ ಇಲ್ಲ.

ರೂಸ್‌ವೆಲ್ಟ್ ಅವರ ಕೋಪ ನಿಷ್ಕಾರಣವಾದುದೆಂದು ಯಾರೂ ಹೇಳಲಾರರು. ಮಹಾ ಆರ್ಥಿಕ ಕುಸಿತದಿಂದ ದೇಶವನ್ನು ಮೇಲೆತ್ತಲು ಅವರು ತಂದ ಕಾನೂನು ಹಾಗೂ ಯೋಜನೆಗಳನ್ನು ಒಟ್ಟಾಗಿ ನ್ಯೂ ಡೀಲ್ ಎಂದು ಕರೆಯುತ್ತಾರೆ; ಅದರ ಆಧಾರಸ್ತಂಭವಾಗಿದ್ದ ರಾಷ್ಟ್ರೀಯ ಕೈಗಾರಿಕಾ ಪುನಶ್ಚೇತನ ಕಾಯಿದೆಯನ್ನು ನ್ಯಾಯಾಲಯ 1935ರ ಮೇ 27ರಂದು ಕೆಡವಿತು, ಅದೂ ಬ್ರೂಕ್ಲಿನ್ನಿನ ಶೆಕ್ಟರ್ ಸಹೋದರರ ಕೋಳಿ ವ್ಯಾಪಾರದ ದಾವೆಯೊಂದರಲ್ಲಿ. ಕಾಯಿದೆಯಡಿ ರಚಿತವಾದ ನಿಯಮದ ಪ್ರಕಾರ ಕೊಳ್ಳುವವರು ಗೂಡಿನಲ್ಲಿ ಕೈಗೆ ಸಿಕ್ಕ ಕೋಳಿಯನ್ನೇ ಒಯ್ಯಬೇಕಾಗಿದ್ದು, ಬೇಕಾದುದನ್ನು ಆರಿಸಿಕೊಳ್ಳುವಂತಿರಲಿಲ್ಲ. ವಾದದ ವೇಳೆ ನ್ಯಾಯಮೂರ್ತಿ ಸದರ್ಲೆಂಡ್ ಅವರು, ಕೋಳಿಗಳೆಲ್ಲ ಗೂಡಿನ ಒಂದೇ ಮೂಲೆಗೆ ಸರಿದುಬಿಟ್ಟರೆ ಗತಿಯೇನೆಂದು ಕೇಳಿದಾಗ ಆ ಗಂಭೀರ ಸಭಾಂಗಣ ನಗೆಯಲ್ಲಿ ಮುಳುಗಿತು. ಬ್ರೂಕ್ಲಿನ್ನಿಗೆ ಬಂದು ಅಲ್ಲಿಯೇ ಮಾರಾಟವಾಗುವ ಕೋಳಿ, ರಾಜ್ಯ ರಾಜ್ಯಗಳ ನಡುವಿನ ವಾಣಿಜ್ಯಕ್ಕೆ, ಅಂದರೆ ಕೇಂದ್ರ ಸರ್ಕಾರಕ್ಕೆ ಸಂವಿಧಾನ ಬಿಟ್ಟುಕೊಟ್ಟ ಕ್ಷೇತ್ರಕ್ಕೆ, ಸೇರುವುದಿಲ್ಲವೆಂದು ಒಂಬತ್ತೂ ಮಂದಿ ಒಮ್ಮತದಿಂದ ಹೇಳಿದರು. ಅದು ಕುದುರೆಗಾಡಿಯ ಕಾಲದ ವ್ಯಾಖ್ಯಾನವೆಂದು ಅಧ್ಯಕ್ಷರು ಪತ್ರಕರ್ತರ ಮುಂದೆ ಹಂಗಿಸಿದರು.

ಮರುವರ್ಷ ಕೃಷಿ ಕಾಯಿದೆಯೂ 6–3ರ ಬಹುಮತದಲ್ಲಿ ಬಿತ್ತು. ಆ ತೀರ್ಪನ್ನು ಬರೆದ ನ್ಯಾಯಮೂರ್ತಿ ಓವೆನ್ ರಾಬರ್ಟ್ಸ್ ಅವರು, ನ್ಯಾಯಾಲಯಕ್ಕೆ ಸ್ವಂತ ಇಷ್ಟಾನಿಷ್ಟಗಳಿಲ್ಲವೆಂದೂ, ಸಂವಿಧಾನದ ವಿಧಿಯನ್ನೂ ಕಾನೂನನ್ನೂ ಪಕ್ಕಪಕ್ಕದಲ್ಲಿಟ್ಟು ಹೊಂದುತ್ತದೆಯೇ ಎಂದು ನೋಡುವುದಷ್ಟೇ ಅದರ ಕೆಲಸವೆಂದೂ ವಿವರಿಸಿದರು. ಅದೇ ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಆರು ಮಂದಿಗೆ ಹೊಂದಿಕೆ ಕಾಣದೆ, ಮೂವರಿಗೆ ಚೆನ್ನಾಗಿಯೇ ಕಂಡಿತೆಂಬುದನ್ನು ಯಾರೂ ದೃಷ್ಟಿದೋಷವೆಂದು ಪರಿಗಣಿಸಲಿಲ್ಲ. ಕೆಲವೇ ತಿಂಗಳಲ್ಲಿ ಹೆಂಗಸರಿಗೆ ಕನಿಷ್ಠ ಕೂಲಿ ನಿಗದಿಮಾಡಿದ ನ್ಯೂಯಾರ್ಕಿನ ಕಾನೂನನ್ನೂ ಒಂದು ಮತದ ಅಂತರದಿಂದ ಕೆಡವಿದ ನ್ಯಾಯಾಲಯ, ರಾಜಕೀಯದ ಸೋಂಕು ತನಗಿಲ್ಲವೆಂಬ ನಂಬಿಕೆಯನ್ನು ಮಾತ್ರ ಕೆಡದಂತೆ ಕಾಪಾಡಿಕೊಂಡಿತು.

1936ರ ಚುನಾವಣೆಯಲ್ಲಿ 48 ರಾಜ್ಯಗಳ ಪೈಕಿ 46ನ್ನು ಗೆದ್ದ ಅಧ್ಯಕ್ಷರು ಆಗ ನೇರವಾಗಿ ಜನರ ಬಳಿಗೆ ಹೋಗಿ, ಈ ನ್ಯಾಯಾಲಯ ಸಂವಿಧಾನವನ್ನು ತಪ್ಪಾಗಿ ಓದುತ್ತಿದೆ, ತಿದ್ದಲು ಬೆಂಬಲ ಬೇಕೆಂದು ಕೇಳಬಹುದಿತ್ತು. ಅದರ ಬದಲು ಅವರಿಗೆ ಇದ್ದಕ್ಕಿದ್ದಂತೆ ಹಿರಿಯ ನಾಗರಿಕರ ಆರೋಗ್ಯದ ಬಗ್ಗೆ ಕಳವಳ ಹುಟ್ಟಿತು. ಫೆಬ್ರವರಿ 5ರ ಸಂದೇಶದ ಪ್ರಕಾರ, ನ್ಯಾಯಾಲಯಗಳಲ್ಲಿ ಕೆಲಸದ ಹೊರೆ ಹೆಚ್ಚಾಗಿದ್ದು, ವಯಸ್ಸಾದವರು ಹಳೆಯ ಕನ್ನಡಕದಿಂದ ಹೊಸ ಸಂಗತಿಗಳನ್ನು ಮಬ್ಬಾಗಿ ಕಾಣುವುದರಿಂದ, 70 ದಾಟಿಯೂ ನಿವೃತ್ತರಾಗದ ಪ್ರತಿ ನ್ಯಾಯಮೂರ್ತಿಗೆ ಒಬ್ಬರಂತೆ, ಗರಿಷ್ಠ ಆರು ಮಂದಿಯನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಹೆಚ್ಚುವರಿಯಾಗಿ ನೇಮಿಸುವುದು ಅಗತ್ಯವಾಗಿತ್ತು. ಆಗ 70 ದಾಟಿದ್ದವರು ಸರಿಯಾಗಿ ಆರು ಮಂದಿಯೇ ಇದ್ದುದು ಕಾಕತಾಳೀಯವೆಂದು ನಂಬುವವರು ಶ್ವೇತಭವನದಲ್ಲಿಯೂ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ, ಏಕೆಂದರೆ ಆ ಪೀಠದ ಅತ್ಯಂತ ಹಿರಿಯರಾದ, 80ರ ಲೂಯಿ ಬ್ರಾಂಡೈಸ್ ಅವರು ನ್ಯೂ ಡೀಲ್ ಕಾನೂನುಗಳ ಬಗ್ಗೆ ಹೆಚ್ಚು ಸಹಾನುಭೂತಿಯುಳ್ಳ ಮೂವರಲ್ಲಿ ಒಬ್ಬರಾಗಿದ್ದರು. ಇನ್ನೂ ಸೊಗಸಾದ ಸಂಗತಿಯೆಂದರೆ, ವಯಸ್ಸಾದ ನ್ಯಾಯಾಧೀಶರ ಪಕ್ಕಕ್ಕೆ ಹೊಸಬರನ್ನು ಕೂರಿಸುವ ಉಪಾಯವನ್ನು ಕೆಳ ನ್ಯಾಯಾಲಯಗಳ ಮಟ್ಟಿಗೆ 1913ರಲ್ಲಿಯೇ ಸೂಚಿಸಿದ್ದವರು ಅಂದಿನ ಅಟಾರ್ನಿ ಜನರಲ್ ಮ್ಯಾಕ್‌ರೆನಾಲ್ಡ್ಸ್. 1937ರ ಹೊತ್ತಿಗೆ ಅವರೇ 75 ವರ್ಷದ ನ್ಯಾಯಮೂರ್ತಿಯಾಗಿ ಅಧ್ಯಕ್ಷರ ಕಟ್ಟಾ ವಿರೋಧಿಗಳ ಸಾಲಿನಲ್ಲಿದ್ದರು.

ಮಾರ್ಚ್ 9ರ ರೇಡಿಯೋ ಭಾಷಣದಲ್ಲಿ ಅಧ್ಯಕ್ಷರು ನಿಜವಾದ ಕಾರಣವನ್ನು ಹೇಳುವಷ್ಟರಲ್ಲಿ ಸುಳ್ಳು ಕಾರಣ ಊರೆಲ್ಲ ಸುತ್ತಿ ಬಂದಿತ್ತು. ಅವರದೇ ಪಕ್ಷದ ಸೆನೆಟರ್ ಬರ್ಟನ್ ವೀಲರ್ ಅವರು ಮುಖ್ಯ ನ್ಯಾಯಮೂರ್ತಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರ ಪತ್ರವೊಂದನ್ನು, ಅಧ್ಯಕ್ಷರ ಮಸೂದೆಯನ್ನು ಪರಿಶೀಲಿಸುತ್ತಿದ್ದ ಸೆನೆಟ್ ಸಮಿತಿಯ ಮುಂದೆ ಓದಿದರು. ನ್ಯಾಯಾಲಯದಲ್ಲಿ ಕೆಲಸ ಬಾಕಿ ಇಲ್ಲವೆಂದೂ, ನ್ಯಾಯಮೂರ್ತಿಗಳು ಹೆಚ್ಚಾದಷ್ಟೂ ಚರ್ಚಿಸುವವರೂ ಮನವೊಲಿಸಬೇಕಾದವರೂ ಹೆಚ್ಚುವರೆಂದೂ ಅದರಲ್ಲಿತ್ತು. ರಾಜಕೀಯದಿಂದ ದೂರವಿರುವ ನ್ಯಾಯಾಲಯ, ವಿರೋಧಿ ಬಣದ ನಾಯಕನ ಕೈಗೆ, ಅತ್ಯಂತ ಸೂಕ್ತ ಸಮಯದಲ್ಲಿ, ಕೇವಲ ಅಂಕಿಅಂಶಗಳ ಸೇವೆಯನ್ನು ಒದಗಿಸಿತು.

ಅದೇ ತಿಂಗಳ 29ರಂದು, ರಾಬರ್ಟ್ಸ್ ಅವರು ಬಣ ಬದಲಿಸಿದ್ದರಿಂದ, ವಾಷಿಂಗ್ಟನ್ ರಾಜ್ಯದ ಕನಿಷ್ಠ ಕೂಲಿ ಕಾನೂನು 5–4ರಲ್ಲಿ ಉಳಿಯಿತು. ಅವರು ಮತ ನೀಡಿದ್ದು ಮಸೂದೆ ಪ್ರಕಟವಾಗುವ ಮೊದಲೇ ಆದ್ದರಿಂದ ಹೆದರಿಕೆಯಿಂದ ಹಾಗೆ ಮಾಡಿದರೆನ್ನಲಾಗದು. ಹಿಂದಿನ ವರ್ಷ ಹೊಂದದಿದ್ದ ಕಾಗದಗಳು ಈಗ ಹೊಂದಿದವೆಂದಷ್ಟೇ ಹೇಳಬಹುದು. ಇತ್ತ ನ್ಯಾಯಮೂರ್ತಿಗಳು ಪೂರ್ಣ ಸಂಬಳದೊಡನೆ ನಿವೃತ್ತರಾಗಲು ಅವಕಾಶ ನೀಡುವ ಕಾನೂನು ಸದ್ದಿಲ್ಲದೆ ಜಾರಿಯಾಗಿತ್ತು. ಮೇ 18ರಂದು ನ್ಯಾಯಮೂರ್ತಿ ವ್ಯಾನ್ ಡಿವ್ಯಾಂಟರ್ ನಿವೃತ್ತಿ ಸಾರಿದರು. ಪೀಠದ ಬಣ್ಣ ಬದಲಿಸಲು ಹೋರಾಟವೇ ಬೇಕಿಲ್ಲ, ಪಿಂಚಣಿ ಸಾಕೆಂಬ ಅನುಮಾನಕ್ಕೆ ಇದು ಎಡೆಮಾಡಿತು. ಜುಲೈ 22ರಂದು ಸೆನೆಟ್, ಅಂದರೆ ಅಧ್ಯಕ್ಷರ ಪಕ್ಷಕ್ಕೆ ಭಾರೀ ಬಹುಮತವಿದ್ದ ಮೇಲ್ಮನೆ, ಮಸೂದೆಯನ್ನು 70–20 ಮತಗಳಿಂದ ಸಮಿತಿಗೆ ಹಿಂದಿರುಗಿಸಿ ಸಮಾಧಿ ಮಾಡಿತು.

ಸೋತ ಅಧ್ಯಕ್ಷರು ಕಾಯುತ್ತ ಕುಳಿತು, 1943ರ ಹೊತ್ತಿಗೆ ಎಂಟು ಮಂದಿ ಹೊಸಬರನ್ನು ನೇಮಿಸಿ, ಹಳಬರಾದ ಸ್ಟೋನ್ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ಬಡ್ತಿಗೇರಿಸಿದರು. ಮಸೂದೆಯಿಂದ ದಕ್ಕದ ನ್ಯಾಯಾಲಯ ಕ್ಯಾಲೆಂಡರಿನಿಂದ ದಕ್ಕಿತು. ಆದರೆ ದಕ್ಕಿದ ನ್ಯಾಯಾಲಯದಿಂದ ಜನರಿಗೇನು ಸಿಕ್ಕಿತೆಂಬುದನ್ನೂ ಈ ಕಡತದಲ್ಲಿ ಸೇರಿಸುವುದು ಅವಶ್ಯ. ಯುದ್ಧಕಾಲದಲ್ಲಿ ಅಧ್ಯಕ್ಷರ ಆದೇಶದ ಬಲದಿಂದ ಸೇನೆ ಪಶ್ಚಿಮ ಕರಾವಳಿಯ ಜಪಾನಿ ಮೂಲದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು, ಅವರಲ್ಲಿ ಬಹುಪಾಲು ಅಮೆರಿಕದ ಪ್ರಜೆಗಳನ್ನೇ, ಮನೆಗಳಿಂದ ಎಬ್ಬಿಸಿ ಶಿಬಿರಗಳಿಗೆ ಸಾಗಿಸಿತು. ಆ ಹೊರದೂಡುವಿಕೆಯನ್ನು ಪ್ರಶ್ನಿಸಿದ ಕೊರೆಮಾತ್ಸು ಪ್ರಕರಣದಲ್ಲಿ, 1944ರಲ್ಲಿ, ಆರು ಮಂದಿ ಸರ್ಕಾರವನ್ನು ಎತ್ತಿಹಿಡಿದರು. ಅವರಲ್ಲಿ ಐವರು ರೂಸ್‌ವೆಲ್ಟ್ ನೇಮಿಸಿದವರು, ಆರನೆಯವರು ಅವರಿಂದ ಬಡ್ತಿ ಪಡೆದವರು. ಭಿನ್ನಮತ ಬರೆದ ಮೂವರಲ್ಲಿ ಇಬ್ಬರು ಅವರೇ ಆರಿಸಿದವರಾಗಿದ್ದು, ಮೂರನೆಯವರು ಆ ಪೀಠದಲ್ಲಿ ಅವರ ಋಣವಿಲ್ಲದೆ ಉಳಿದಿದ್ದ ಏಕೈಕ ನ್ಯಾಯಮೂರ್ತಿ, ಅದೇ ಓವೆನ್ ರಾಬರ್ಟ್ಸ್.

ಆದಕಾರಣ, ನ್ಯಾಯಾಲಯವನ್ನು ಸರಿಪಡಿಸಹೊರಡುವ ಅಧ್ಯಕ್ಷರು ಕಾರಣವನ್ನು ಇದ್ದಂತೆ ಹೇಳುವುದು ಕಡಿಮೆ ಖರ್ಚಿನ ಮಾರ್ಗವೆಂಬುದನ್ನು ಗಮನಿಸಬಹುದು. ಹಾಗೆಯೇ ತಮ್ಮವರಿಂದ ತುಂಬಿದ ಪೀಠ ಅಧ್ಯಕ್ಷರಿಗೆ ಎಷ್ಟೇ ಅನುಕೂಲವಾದರೂ, ಅಧ್ಯಕ್ಷರಿಂದ ರಕ್ಷಣೆ ಕೋರಿ ಬರುವವರಿಗೆ ಅದು ಅನುಕೂಲವಾಗಲೇಬೇಕೆಂದಿಲ್ಲ.

ಇತಿ,
ಗೆದ್ದವರ ಖರ್ಚನ್ನೂ ಸೋತವರ ಖರ್ಚನ್ನೂ ಭರಿಸುವ ಪ್ರಜಾವರ್ಗ

ಪ್ರತಿ: ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳಿಗೆ, ಮಾಹಿತಿಗಾಗಿ. ಸಂಖ್ಯೆ ಹೆಚ್ಚಾದ ಪಕ್ಷದಲ್ಲಿ ಹೆಚ್ಚುವರಿ ಪ್ರತಿಗಳನ್ನು ಕೋರಿಕೆಯ ಮೇರೆಗೆ ಒದಗಿಸಲಾಗುವುದು.