ತಾಯಿ ಕಾರ್ಡ್ ಎಲ್ ಮಡಗಿದ್ದೀರಿ?

ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬಾರ್ದು. ನಿಮ್ಮ ಮಗಂದು ತಾಯಿ ಕಾರ್ಡ್, ಅದೇ ಚುಚ್ಚುಮದ್ದು ಬರ್ಕೊಡೋದು, ಎಲ್ಲಿದೆ? ಹಾಂ, ಹಾಂ, ಎದ್ದು ಹೋಗಿ ಬೀರು ಕೆದಕಬೇಡಿ, ಕೂತ್ಕಂಡೇ ಹೇಳಿ. ನೋಡಿ, ಆಗಲೇ ಹೆಂಡ್ತಿ ಮುಖ ನೋಡ್ತಿದ್ದೀರಿ! ಅವರು ಅತ್ತೆಮ್ಮನ ಮುಖ ನೋಡ್ತಾವ್ರೆ. ಅತ್ತೆಮ್ಮ ದೇವರ ಪಟ ನೋಡ್ತಾವ್ರೆ (ಪಟದ ಹಿಂದೆ ಇರೋದು ಕರೆಂಟ್ ಬಿಲ್ಲು, ನಂಗೊತ್ತು).

ಅದೇ ಹೊಗೆಸೊಪ್ಪಿನ ಲೈಸೆನ್ಸ್ ಕೇಳಿ ನೋಡವಾ? ನಡುರಾತ್ರೀಲಿ ಎಬ್ಬಿಸಿ ಕೇಳಿದ್ರೂ ಲ್ಯಾಮಿನೇಷನ್ ಆಗಿದ್ದು, ಜೆರಾಕ್ಸ್ ಸಮೇತ ಆಚೆ ಬರತ್ತೆ. ಕಟ್ಟೆಮಳಲವಾಡಿ ಹರಾಜಿಗೆ ಹೋಗೋವಾಗ ಅದನ್ನ ಒಳಜೇಬಲ್ಲಿ, ಎದೆಗೆ ಅಂಟಿಸ್ಕಂಡ್ ಹೋಗ್ತೀರಿ. ತಪ್ಪು ಅನ್ನಲ್ಲ, ಸೊಪ್ಪು ಬೇಯಿಸೋ ಬ್ಯಾರನ್ ನಿಮ್ಮ ಹೊಟ್ಟೆಪಾಡು. ಆದ್ರೆ ತಾಯಿ ಕಾರ್ಡಿನ ಮೇಲೆ ಡೈರಿ ಹಾಲಿನ ಲೆಕ್ಕ ಬರೆದಿದ್ದು ಯಾರು ಸ್ವಾಮಿ? ಪೆಂಟಾ ಎರಡನೇ ಡೋಸ್ ಅನ್ನೋ ಮನೆ ಪಕ್ಕ ‘ಬೆಳಿಗ್ಗೆ 4, ಸಂಜೆ 3’ ಅಂತಿದೆ. (ಲಸಿಕೆ ಹಸೀಗೆ ಬಿತ್ತಾ ಮಗೀಗ್ ಬಿತ್ತಾ ಅಂತ ನರ್ಸಮ್ಮ ತಲೆ ಕೆರ್ಕೊಬೇಕು.)

ಜೂನ್ ಬಂತು ಅಂದ್ರೆ ನಿಮ್ಮ ಗೋಳು ಸುರು. ಹೊಲದಲ್ಲಿ ಹೊಗೆಸೊಪ್ಪಿನ ಸಸಿ ನೆಡೋ ಆಳು ಕಾಯ್ತಾವ್ರೆ, ಇತ್ತ ಶಾಲೆ ವಾಟ್ಸಾಪಲ್ಲಿ ಮಿಸ್ಸು ಪಟ್ಟಿ ಹಾಕವ್ರೆ. ಜನನ ಪತ್ರ ತನ್ನಿ, ಆಧಾರ್ ತನ್ನಿ, ಚುಚ್ಚುಮದ್ದಿನ ಕಾರ್ಡ್ ತನ್ನಿ, ಬ್ಲಡ್ ಗ್ರೂಪ್ ಬರ್ಕೊಡಿ. ‘ಸರ್ಕಾರಿ ಸ್ಕೂಲಿಗೆ ಸೇರ್ಸಕ್ಕೆ ಇಷ್ಟೊಂದಾ? ನಮ್ ಕಾಲದಲ್ಲಿ ಕೈ ಹಿಡ್ಕಂಡ್ ಹೋಗಿ ಬುಟ್ ಬಂದ್ರೆ ಆಗೋದು’ ಅಂತ ಬಿಳಿಕೆರೆ ಸರ್ಕಲ್ಲಲ್ಲಿ ಟೀ ಕುಡೀತಾ ಕೂಗಾಡ್ತೀರಿ. ಕೂಗಾಡಿ. ಟೀ ಆರೋಗತ್ತೆ, ಅಷ್ಟೇ.

ನಿಮ್ ಕಾಲದ್ದು ನಂಗೊತ್ತಿಲ್ವಾ? ನಿಮ್ಮ ಹುಟ್ಟಿದ ದಿನ ಯಾವ್ದು ಹೇಳಿ ನೋಡವಾ. ಜೂನ್ 1. ನಿಮ್ಮ ಅಣ್ಣಂದು? ಜೂನ್ 1. ಪಕ್ಕದ್ ಮನೆಯೋರ್ದು? ಅದೂ ಜೂನ್ 1. ಅವತ್ತು ಊರಲ್ಲಿ ಸೂಲಗಿತ್ತಿ ಅದೆಷ್ಟು ಮನೆಗೆ ಓಡಾಡುದ್ಲೋ ಪಾಪ! ಮೇಷ್ಟ್ರು ಐಕ್ಳ ಮಕ ನೋಡಿ, ಬಲಗೈನ ತಲೆ ಮೇಲಿಂದ ತಂದು ಎಡಗಿವಿ ಮುಟ್ಟಿಸಿ ನೋಡಿ, ಅಂದಾಜಲ್ಲಿ ಒಂದು ವರ್ಷ ಬರ್ಕಂಡ್ರು. ಅದೇ ಈಗ ನಿಮ್ಮ ಪೆನ್ಷನ್ ತಾರೀಕು.

ಈಗಿನ ಕಥೆ ಬೇರೆ. ಮಗು ಹುಟ್ಟಿದ 21 ದಿನದೊಳಗೆ ನೋಂದಣಿ ಆಗ್ಬೇಕು ಅಂತ 1969ರ ಕಾಯ್ದೇನೇ ಐತೆ. ಆಸ್ಪತ್ರೇಲಿ ಹುಟ್ಟಿದ್ರೆ ಅವರೇ ತಿಳಿಸ್ತಾರೆ, ಅಲ್ಲಿಗೆ ನೀವು ಪಾರು. ಹೆಸರಿಲ್ಲದೇನೂ ನೋಂದಣಿ ಆಗತ್ತೆ, ಆಮೇಲೆ ಹೆಸರು ಸೇರಿಸ್ಕೋಬೋದು. ಆ ‘ಆಮೇಲೆ’ ಅನ್ನೋದೇ ನಿಮ್ಮನ್ನ ಹಾಳು ಮಾಡಿದ್ದು. ಜೋಯಿಸರು ಅಕ್ಷರ ಹೇಳ್ಬೇಕು, ಅಜ್ಜ ಒಪ್ಪಬೇಕು, ನಾದ್ನಿ ಗೂಗಲ್ಲಲ್ಲಿ ಹುಡುಕ್ಬೇಕು. ಮಗು ಒಂದನೇ ಕ್ಲಾಸಿನ ಬಾಗಿಲಿಗೆ ಬಂತು, ಜನನ ಪತ್ರದಲ್ಲಿ ಹೆಸರಿನ ಜಾಗ ಇನ್ನೂ ಖಾಲಿ.

ಖಾಲಿ ಇದ್ರೂ ವಾಸಿ ಕಣ್ರೀ. ತಾಯಿ ಕಾರ್ಡಲ್ಲಿ ‘ಬೇಬಿ ಆಫ್ ಇಂಥೋರು’, ಆಧಾರಲ್ಲಿ ಅಜ್ಜನ ಹೆಸರು, ಶಾಲೇಲಿ ಸೀರಿಯಲ್ ಹೀರೋ ಹೆಸರು, ಮನೇಲಿ ಚಿನ್ನು. ಇದರ ಮೇಲೆ ಶಾಲೆ ಮಕ್ಕಳ ಗುರುತಿನ ನಂಬರ್ರು, ಅಪಾರ್ ಐಡಿ ಅಂತ ಬೇರೆ ಬಂದು ಕೂತದೆ. ಅದಕ್ಕೆ ಶಾಲೆ ದಾಖಲೇಲೂ ಆಧಾರಲ್ಲೂ ಹೆಸರು ಅಕ್ಷರ ಬಿಡದಂಗೆ ಒಂದೇ ಇರ್ಬೇಕು. ಈಗ ಹೇಳಿ, ಚಿನ್ನೂನ ಎಲ್ಲಿಗೆ ಸೇರಿಸೋದು?

ತವರುಮನೆ ವಿಚಾರಕ್ಕೆ ಬರೋಣ (ಗಂಡಸರು ವಸಿ ದೂರ ಕೂತ್ಕಳಿ). ಸೊಸೆ ಪಿರಿಯಾಪಟ್ಟಣದ ಕಡೆಯೋಳು. ಕಾರ್ಡ್ ಮಾಡಿಸಿದ್ದು ಇಲ್ಲಿ. ಸೀಮಂತ ಮಾಡಿ ತವರಿಗೆ ಕಳಿಸಿದ್ರಿ. ನೋವು ಬಂದಾಗ ಅಲ್ಲಿಂದ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ. ಆರು, ಹತ್ತು, ಹದಿನಾಲ್ಕು ವಾರದ ಚುಚ್ಚುಮದ್ದು ತವರಿನ ಸಬ್‌ಸೆಂಟರಲ್ಲಿ. ಒಂಬತ್ತು ತಿಂಗಳಿನ ದಡಾರದ್ದು ಮತ್ತೆ ಇಲ್ಲಿ. ಕಾರ್ಡ್ ಮಾತ್ರ ಅವರಮ್ಮನ ಟ್ರಂಕಲ್ಲಿ, ರೇಷ್ಮೆ ಸೀರೆ ಕೆಳಗೆ, ನುಸಿಗುಳಿಗೆ ವಾಸನೆ ಹೊಡ್ಕಂಡು ಮಲ್ಗದೆ.

ಜನನ ಪತ್ರಕ್ಕೆ ನೀವು ಎಲ್ಲಿಗೆ ಹೋದ್ರಿ? ಬಿಳಿಕೆರೆ ನಾಡಕಚೇರಿಗೆ. ‘ನಮ್ಮೂರ ಮಗು ಸಾ, ನಮ್ಮೂರಲ್ಲೇ ಕೊಡಿ’ ಅಂತ ಜಗಳ ತೆಗೆದ್ರಿ. ಅಯ್ಯೋ ಗುರುವೇ, ನೋಂದಣಿ ಆಗೋದು ಮಗು ಹುಟ್ಟಿದ ಜಾಗದಲ್ಲಿ, ಅಪ್ಪ ಹುಟ್ಟಿದ ಜಾಗದಲ್ಲಲ್ಲ! ಅದು ತಿಳಿಯೋ ಹೊತ್ತಿಗೆ ಒಂದು ದಿನದ ಕೂಲಿ, ಬಸ್ ಚಾರ್ಜು, ಒಂದು ಮಸಾಲೆ ದೋಸೆ (ಅದನ್ನ ಮನೇಲಿ ಹೇಳಿಲ್ಲ) ಎಲ್ಲಾ ಆಗೋಗಿತ್ತು.

ಒಂದು ಗುಟ್ಟು ಹೇಳ್ತೀನಿ, ಹತ್ರ ಬನ್ನಿ. ವಯಸ್ಸಿನ ದಾಖಲೆ ಇಲ್ಲ ಅಂತ ಯಾವ ಶಾಲೇನೂ ಮಗೂನ ವಾಪಸ್ ಕಳಿಸಂಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 14ನೇ ಸೆಕ್ಷನ್ನಲ್ಲೇ ಐತೆ. ಮೊದಲು ಸೇರಿಸ್ಕಬೇಕು, ಕಾಗದ ಆಮೇಲೆ. ಆದ್ರೆ ಇದನ್ನ ಕೇಳಿ ಕಾಲು ಚಾಚ್ಕಂಡ್ ಮಲಗ್ಬೇಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ತಾರೀಕಿಗೂ ಜಾಗಕ್ಕೂ ಜನನ ಪತ್ರಾನೇ ಪುರಾವೆ ಅಂತ ತಿದ್ದುಪಡಿ ಬಂದದೆ. ಆ ಕೂಸುಗಳು ಸ್ಲೇಟು ಹಿಡಿಯೋ ಹೊತ್ತಿಗೆ ನಿಮ್ಮ ಟೀ ಅಂಗಡಿ ಭಾಷಣ ನಡಿಯಲ್ಲ.

ಆ 14ನೇ ಸೆಕ್ಷನ್ನು ನಿಮಗಿಂತ ಜಾಸ್ತಿ ಬೇಕಾಗಿರೋದು ಎಚ್.ಡಿ. ಕೋಟೆ ಹಾಡಿಗಳ ಐಕ್ಳಿಗೆ. ಅಪ್ಪ ಅಮ್ಮ ಕಾಫಿ ಕೊಯ್ಲಿಗೆ ಅಂತ ಕೊಡಗಿನ ಲೈನ್ ಮನೇಲಿರ್ತಾರೆ, ಹೆರಿಗೆ ಅಲ್ಲೆಲ್ಲೋ ಆಗಿರತ್ತೆ, ಚುಚ್ಚುಮದ್ದು ಇನ್ನೆಲ್ಲೋ. ಜೇನುಕುರುಬರ ತಾಯಿ ಒಬ್ಬಳು ಆಶ್ರಮ ಶಾಲೆ ಮುಂದೆ ನಿಂತ್ರೆ ಕೈಯಲ್ಲಿ ಮಗು ಇರತ್ತೆ, ಕಾಗದದ ಕವರ್ ಇರಲ್ಲ. ನೀವು ಕಾರ್ಡ್ ಇಸ್ಕಂಡು ಕಳೆದೋರು. ಅವಳದ್ದು ಬರೆಯೋಕೇ ಯಾರೂ ಕೂತಿರಲ್ಲ. ಅವಳು ಟೀ ಅಂಗಡೀಲಿ ಕೂಗಾಡೋದು ಯಾವತ್ತಾದ್ರೂ ಕೇಳಿದ್ದೀರಾ?

ಸರಿ, ಈಗ ನಿಮ್ಮ ಪರ ಮಾತಾಡ್ತೀನಿ, ಖುಷಿ ಪಡಿ. ಅಂಗನವಾಡೀಲಿ ಮಗೂನ ತೂಗ್ತಾರೆ, ಅವರ ಮೊಬೈಲಿನ ಪೋಷಣ್ ಟ್ರ್ಯಾಕರ್‌ಗೆ ಹಾಕ್ತಾರೆ. ಶಾಲೆಗೆ ಬಂದ್ರೆ ಶಾಲೆಗಳ ಲೆಕ್ಕ ಇಡೋ ಯುಡೈಸ್‌ಗೆ ಅಂತ ಎತ್ತರ ತೂಕ ಮತ್ತೆ ಬರ್ಕೊತಾರೆ. ಆರ್‌ಬಿಎಸ್‌ಕೆ ಅನ್ನೋ ಮಕ್ಕಳ ಆರೋಗ್ಯ ತಪಾಸಣೆ ಡಾಕ್ಟ್ರ ಗಾಡಿ ಬಂದಾಗ ಇನ್ನೊಂದ್ ಸಲ. ಮಗು ಒಂದೇ, ತೂಕ ಮೂರು, ಒಂದಕ್ಕೊಂದು ಹೊಂದಲ್ಲ. ಒಂದೇ ಮನೇಲಿ ಮೂರು ಒಲೆ ಹೂಡಿ, ಕೆಂಡ ಮಾತ್ರ ನೀವೇ ಹೊತ್ಕಂಡ್ ತಿರುಗಿ ಅಂದಂಗಾಯ್ತು. ಇಲಾಖೆಗಳು ಅವರವರೇ ಮಾತಾಡ್ಕಂಡಿದ್ರೆ ನಿಮ್ಮ ಜೆರಾಕ್ಸ್ ದುಡ್ಡಲ್ಲಿ ಒಂದು ಕೋಳಿ ಬರೋದು.

ಆದ್ರೆ ಮಿಸ್ಸಿನ ಮೇಲೆ ಯಾಕ್ ರೇಗ್ತೀರಿ? ಪಾಠ ಮಾಡ್ಬೇಕು, ಮೊಟ್ಟೆ ಎಣಿಸ್ಬೇಕು, ಬಾಳೆಹಣ್ಣು ಎಷ್ಟು ಅಂತ ಬರೀಬೇಕು, ವೋಟರ್ ಪಟ್ಟಿ ತಿದ್ದಬೇಕು, ಗಣತಿ ಅಂತ ಮನೆ ಮನೆ ಸುತ್ತಬೇಕು. ಅದರ ಮಧ್ಯೆ ನಿಮಗೆ ಫೋನು. ‘ಅಣ್ಣ, ನಿಮ್ ಮಗಂದು ಯಾವ್ ಗ್ರೂಪು?’ ‘ಯಾವ ಗ್ರೂಪಿಗೂ ಸೇರ್ಸಿಲ್ಲ ಮಿಸ್, ಫೋನೇ ಕೊಡಲ್ಲ ಅವನಿಗೆ.’ ‘ಬ್ಲಡ್ ಗ್ರೂಪ್ ಅಣ್ಣಾ!’ ‘ಓ... ಓ ಪಾಸಿಟಿವ್ ಹಾಕ್ಕಳಿ ಮಿಸ್, ನಂದೂ ಅದೇಯ.’ ನಿಮ್ದು ಅದೇ ಅಂತ ಯಾರ್ ಹೇಳುದ್ರು? ಬೈಕ್ ಲೈಸೆನ್ಸ್ ಮಾಡ್ಸೋವಾಗ ಏಜೆಂಟ್ ಹಾಕಿದ್ದು ಅಲ್ವಾ ಅದು? (ಅವನೂ ಅವನ ಗ್ರೂಪನ್ನೇ ಹಾಕಿರ್ತಾನೆ.)

ಸೈನ್ ಹಾಕೋದ್ರಲ್ಲಂತೂ ನೀವು ಸೂರರು. 2021ರ ಆಗಸ್ಟ್ 23ಕ್ಕೆ ಒಂಬತ್ತನೇ ಕ್ಲಾಸಿಂದ ಮೇಲಿನವರಿಗೆ ಶಾಲೆ ಬಾಗಿಲು ತೆಗೆದಾಗ ಪೋಷಕರ ಒಪ್ಪಿಗೆ ಪತ್ರ ಬೇಕು ಅಂದ್ರು, ನೆನಪಿದ್ಯಾ? ಒಬ್ಬ ಬರೆದ, ಊರೆಲ್ಲಾ ನಕಲು ಮಾಡ್ತು. ಮಗಳನ್ನ ಕಳಿಸೋ ಅಪ್ಪನೂ ‘ನನ್ನ ಮಗನನ್ನು’ ಅಂತಲೇ ಬರೆದು ಸೈನ್ ಹಾಕಿದ. ಓದಿದ್ರೆ ತಾನೆ ಗೊತ್ತಾಗೋದು!

ಓದದೆ ಸೈನ್ ಹಾಕೋರೇ, ಓದದೆ ಫಾರ್ವರ್ಡ್ ಮಾಡೋರೂ ನೀವೇ. 2017ರ ಫೆಬ್ರವರೀಲಿ ದಡಾರ-ರುಬೆಲ್ಲಾ ಲಸಿಕೆ ಶಾಲೆ ಶಾಲೆಗೆ ಬಂತು. ಒಂಬತ್ತು ತಿಂಗಳಿಂದ ಹದಿನೈದು ವರ್ಷದ ಮಕ್ಕಳಿಗೆ. ಹಿಂದಿನ ರಾತ್ರಿ ವಾಟ್ಸಾಪಲ್ಲಿ ಬಂದ ಆಡಿಯೋ ಕೇಳ್ಕಂಡು ಎಷ್ಟು ಮಕ್ಕಳಿಗೆ ಇದ್ದಕ್ಕಿದ್ದಂಗೆ ‘ಜ್ವರ’ ಬಂತು ಅಂತೀರಿ! ಜಂತುಹುಳದ ಮಾತ್ರೆ ಕೊಡೋ ದಿನಾನೂ ಅಷ್ಟೇಯ. ಫೆಬ್ರವರಿ, ಆಗಸ್ಟ್ ಅಂತ ವರ್ಷಕ್ಕೆ ಎರಡು ಸಲ, ಒಂದು ಮಾತ್ರೆ ಜಗಿಯೋದು. ‘ನಮ್ ಮಗೀನ್ ಹೊಟ್ಟೇಲಿ ಹುಳ ಇಲ್ಲ ಮೇಷ್ಟ್ರೇ’ ಅಂತೀರಿ. ನೋಡ್ಕಂಡ್ ಬಂದ್ರಾ ಒಳಗೆ?

ಚುಚ್ಚುಮದ್ದಿಗೆ ಹೆದರೋದು ಮೈಸೂರಿನೋರಿಗೆ ಒಪ್ಪೋ ಮಾತಲ್ಲ ಕಣ್ರೀ. 1805ರ ಸುಮಾರಿಗೆ ಥಾಮಸ್ ಹಿಕಿ ಅನ್ನೋ ಚಿತ್ರಗಾರ ನಮ್ಮ ಅರಮನೆಯ ಮೂವರು ಹೆಣ್ಣುಮಕ್ಕಳ ಚಿತ್ರ ಬರೆದ. ಅದರಲ್ಲೊಬ್ಬರು ಸೆರಗು ಸರಿಸಿ ತೋಳು ತೋರಿಸ್ತಾ ನಿಂತವ್ರೆ. ಸಿಡುಬಿನ ಲಸಿಕೆ ಆಗ ತಾನೇ ದೇಶಕ್ಕೆ ಬಂದಿತ್ತು. ಆಕೆ ಮಹಾರಾಜ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ, ಲಸಿಕೆ ಹಾಕಿಸ್ಕಂಡ ಜಾಗಾನೇ ಜನಕ್ಕೆ ತೋರಿಸ್ತಾ ಇರೋದು ಅಂತಾರೆ ಇತಿಹಾಸಕಾರ ನೈಜೆಲ್ ಚಾನ್ಸೆಲರ್. ರಾಣಿ ಸಾಹೇಬ್ರಿಗೆ ತೋಳೇ ಸರ್ಟಿಫಿಕೇಟು. ಜೆರಾಕ್ಸ್ ಕೇಳೋ ಧೈರ್ಯ ಯಾರಿಗಿತ್ತು?

ನಿಮ್ಮ ಮಕ್ಕಳ ತೋಳಲ್ಲೂ ಒಂದು ಗುರುತಿದೆ, ಬಿಸಿಜಿದು; ಅದು ಈಗ ಅಮೆರಿಕದಲ್ಲಿ ತಾಪತ್ರಯ ತರತ್ತೆ, ಗೊತ್ತಾ? ನ್ಯೂಜೆರ್ಸಿಗೆ ಹೋದ ನಿಮ್ಮ ನಾದ್ನಿ ಮಗಳು ಅಲ್ಲಿ ಸರ್ಕಾರಿ ಶಾಲೆಗೆ ಮಗು ಸೇರಿಸೋಕೆ ಹೊರಟ್ರೆ ಪ್ರತಿ ಚುಚ್ಚುಮದ್ದಿಗೂ ತಾರೀಕು ಕೇಳ್ತಾರೆ. ಹುಟ್ಟಿದಾಗ ಇಲ್ಲಿ ಹಾಕಿದ ಬಿಸಿಜಿಯಿಂದ ಅಲ್ಲಿನ ಕ್ಷಯದ ಚರ್ಮದ ಪರೀಕ್ಷೆ ಕೆಲವು ಸಲ ಸುಮ್ಮಸುಮ್ಮನೆ ಪಾಸಿಟಿವ್ ತೋರ್ಸುತ್ತೆ. ಆಮೇಲೆ ರಕ್ತ ಪರೀಕ್ಷೆ, ಎದೆ ಎಕ್ಸ್‌ರೇ. ಇಲ್ಲಿ ನಡುರಾತ್ರಿ ಫೋನು: ‘ಅತ್ತೆ, ಆ ಕಾರ್ಡ್ ಫೋಟೋ ಹೊಡ್ದು ಕಳ್ಸಿ.’ ಅತ್ತೆ ಕಳಿಸ್ತಾರೆ. ಹಾಲಿನ ಲೆಕ್ಕ ನ್ಯೂಜೆರ್ಸಿ ಮುಟ್ಟತ್ತೆ.

ಇಷ್ಟೆಲ್ಲಾ ಕಾಗದ ಅಂದ್ರೆ ಅಲರ್ಜಿ ನಿಮಗೆ, ಅಲ್ವಾ? ಹಂಗಾದ್ರೆ ಜನವರೀಲಿ ಚುಂಚನಕಟ್ಟೆ ಜಾತ್ರೆಗೆ ಮಗಳನ್ನ ಕರ್ಕಂಡ್ ಹೋಗಿ ಬಂದು, ಶಾಲೆಗೆ ‘ವೈರಲ್ ಫೀವರ್’ ಅಂತ ಮೆಡಿಕಲ್ ಸರ್ಟಿಫಿಕೇಟ್ ತಂದ್ಕೊಟ್ಟಿದ್ದು ಯಾರು? ಅದು ಸಿಕ್ಕಿತಲ್ಲ, ಹತ್ತೇ ನಿಮಿಷದಲ್ಲಿ, ಸೀಲು ಸಮೇತ! ಮಹಾಶಿವರಾತ್ರಿಗೆ ಕಪ್ಪಡಿ ಜಾತ್ರೆ ಶುರುವಾದ್ರೆ ಟೈಫಾಯಿಡ್. ಬ್ಯಾರನ್ ಬೇಯೋ ಕಾಲಕ್ಕೆ ಸೊಪ್ಪು ಕಟ್ಟೋಕೆ ಮಗ ಬೇಕು, ಆಗ ಕಾಮಾಲೆ. ನಮ್ಮ ಹೋಬಳೀಲಿ ಹಬ್ಬಕ್ಕೊಂದು ಕಾಯಿಲೆ ಗೊತ್ತು ಮಾಡ್ಕಂಡಿದ್ದೀವಿ. (ಎಸ್ಸೆಸ್ಸೆಲ್ಸಿಗೆ ಹಾಜರಾತಿ ಶೇ. 75 ಇರ್ಬೇಕು ಅಂದಾಗ ಈ ಕಾಯಿಲೆಗಳೆಲ್ಲಾ ಒಟ್ಟಿಗೆ ಬರ್ತವೆ.)

ಇನ್ನೊಂದು ಕಾಗದ ಐತೆ, ಅದನ್ನ ಯಾರೂ ನಿಮ್ಮತ್ರ ಕೇಳಲ್ಲ. 2013ರಿಂದ ಆರ್‌ಬಿಎಸ್‌ಕೆ ಅಂತ ಶುರುವಾಯ್ತಲ್ಲ, ಆ ಡಾಕ್ಟ್ರು, ನರ್ಸಮ್ಮ ಶಾಲೆಗೆ ವರ್ಷಕ್ಕೊಂದು ಸಲ ಬರ್ತಾರೆ. ಕಣ್ಣು, ಕಿವಿ, ಹಲ್ಲು, ಎದೆಬಡಿತ ನೋಡ್ತಾರೆ. ಏನಾದ್ರೂ ಅನುಮಾನ ಬಂದ್ರೆ ಒಂದು ಸಣ್ಣ ಚೀಟಿ ಬರೆದು ಮಗು ಕೈಲಿ ಕೊಟ್ಟು, ತಾಲ್ಲೂಕು ಆಸ್ಪತ್ರೆಗೆ ಕರ್ಕಂಡ್ ಹೋಗಿ ಅಂತಾರೆ. ಕನ್ನಡಕ ಬೇಕಾದ್ರೆ ಕನ್ನಡಕ, ಹೃದಯದ ತೊಂದರೆ ಇದ್ರೆ ಆಪರೇಷನ್ನು, ದುಡ್ಡಿಲ್ಲದೆ. ಸೀಲಿಲ್ಲ, ನೋಟರಿ ಬೇಡ, ಜೆರಾಕ್ಸ್ ಬೇಡ. ಅದಕ್ಕೇ ಇರ್ಬೇಕು ನೀವು ಅದನ್ನ ಕಾಗದ ಅಂತಲೇ ಲೆಕ್ಕಕ್ಕಿಟ್ಟಿಲ್ಲ.

ನಿಮ್ಮ ಹುಡುಗ ಬೋರ್ಡ್ ಕಾಣಲ್ಲ ಅಂತ ಮುಂದಿನ ಸಾಲಿಗೆ ಜರುಗಿ ಜರುಗಿ ಈಗ ಮಿಸ್ಸಿನ ಮೇಜಿಗೇ ಅಂಟ್ಕಂಡವನೆ, ನೀವು ‘ಓದೋದ್ರಲ್ಲಿ ಆಸಕ್ತಿ ನೋಡಿ’ ಅಂತ ಹಿಗ್ಗುತಾ ಇದ್ದೀರಿ. ಎಲ್ಲಿ, ಬ್ಯಾಗ್ ತನ್ನಿ ಇಲ್ಲಿ. ತಳಕ್ಕೆ ಕೈ ಹಾಕಿ. ಪೆನ್ಸಿಲ್ ಹೆರೆದ ಪುಡಿ, ಚಿಕ್ಕಿ ಚೂರು, ಗೋಲಿ... ಹಾಂ, ಅದೇ, ಮಡಿಸಿ ರಾಕೆಟ್ ಮಾಡಿರೋದು. ಬಿಚ್ಚಿ ನೋಡಿ. ಏನ್ ತಾರೀಕು ಅದರ ಮೇಲೆ? ಹೋದ ವರ್ಷದ್ದಾ? ಹಂಗಾದ್ರೆ ಈ ವರ್ಷದ್ದೂ ಅಲ್ಲೇ ಇರತ್ತೆ, ಇನ್ನೂ ವಸಿ ಕೆಳಗೆ ಕೈ ಆಡಿಸಿ.