ಯಾರ ಪಾಲ್ಟು ನಿಂದು?

ಕಂಪ್ಯೂಟರ್ ಆಟ ಅಂದರೆ ಗುಂಡು ಹಾರಿಸೋದು ಅಂತಲೇ ಪಕ್ಕದ ಮನೆ ಮಾವ ತಿಳಿದಿದ್ದಾರೆ. ರಜೆಗೆ ಬಂದ ಮೊಮ್ಮಗ ಮೊಬೈಲಿನಲ್ಲಿ ಆಡುವುದೂ ಅದನ್ನೇ. ಬೇಲಿಗೆ ಹಬ್ಬಿದ ಅವರೆ ಬಳ್ಳಿಯಲ್ಲಿ ಅವರು ಆ ಕಡೆಯಿಂದ, ನಾನು ಈ ಕಡೆಯಿಂದ ಕಾಯಿ ಕೀಳುತ್ತಿದ್ದಾಗ ಮಾತು ಅಲ್ಲಿಗೆ ಬಂತು.

"ಎಲ್ಲಾ ಆಟನೂ ಹಂಗಲ್ಲ ಮಾವ. ನೀವು ಕುರುಕ್ಷೇತ್ರದಲ್ಲಿ ಶಕುನಿ ಪಾಲ್ಟು ಮಾಡ್ತಿದ್ರಲ್ಲ, ಹಂಗೇ ಪಾಲ್ಟು ಮಾಡೋ ಆಟಗಳು ಕಂಪ್ಯೂಟರ್‌ನಲ್ಲಿ ಐವತ್ತು ವರ್ಷದಿಂದ ಇವೆ."

"ಪಾಲ್ಟಾ? ಅದ್ರೊಳಗೆ ಹಾರ್ಮೋನಿ ಮೇಷ್ಟ್ರು ಯಾರ್ಲಾ ಮಗ?"

ಆ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ನಮ್ಮ ಕೆ.ಆರ್. ನಗರದ ಸೀಮೆಯಲ್ಲಿ ಪೌರಾಣಿಕ ನಾಟಕ ಅಂದರೆ ಏನು ಅಂತ ಬಲ್ಲವರಿಗೆ ಅದರ ತೂಕ ಗೊತ್ತು. ಹಗಲೆಲ್ಲ ಗದ್ದೆಯಲ್ಲಿದ್ದವನು ಕೈಯಿಂದ ದುಡ್ಡು ಹಾಕಿ ಪಾತ್ರ ಹಿಡಿಯುತ್ತಾನೆ, ತಿಂಗಳುಗಟ್ಟಲೆ ಕಂದ, ಮಟ್ಟು ಕಲಿಯುತ್ತಾನೆ, ಒಂದು ರಾತ್ರಿ ಕಿರೀಟ ಇಟ್ಟು ಕೌರವನೇ ಆಗಿಬಿಡುತ್ತಾನೆ. ಅಷ್ಟೂ ಜನರನ್ನು ಕಥೆಯ ದಾರಿಯಲ್ಲಿ ಹಿಡಿದು ನಡೆಸುವವರು ಮೇಷ್ಟ್ರು. ಅವರಿಲ್ಲದೆ ಯಾವ ಪಾತ್ರವೂ ಏಳುವುದಿಲ್ಲ.

ಈ ಆಟಗಳಿಗೂ ಮೇಷ್ಟ್ರಿದ್ದರು. ಇವುಗಳ ಬೇರು ಇರುವುದು 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದ 'ಡಂಜನ್ಸ್ ಅಂಡ್ ಡ್ರಾಗನ್ಸ್'ನಲ್ಲಿ. ಅದಕ್ಕೆ ಕಂಪ್ಯೂಟರ್ ಬೇಕಿಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕೂತು ನೀನು ಯೋಧ, ನಾನು ಮಂತ್ರವಾದಿ, ಅವನು ಕಳ್ಳ ಅಂತ ಪಾತ್ರ ಹಂಚಿಕೊಳ್ಳುತ್ತಾರೆ. ಒಬ್ಬ ಮಾತ್ರ ಪಾತ್ರ ಹಿಡಿಯದೆ ಕಥೆ ನಡೆಸುತ್ತಾನೆ. ಎದುರಿಗೆ ಒಂದು ಬಾಗಿಲು, ಅದರ ಹಿಂದೆ ಏನೋ ಉಸಿರಾಡುತ್ತಿದೆ, ಈಗೇನು ಮಾಡ್ತೀರಿ ಅಂತ ಕೇಳುತ್ತಾನೆ. ಹೊಡೆತ ಬಿತ್ತೋ ತಪ್ಪಿತೋ ಎನ್ನುವುದನ್ನು ದಾಳ ಹೇಳುತ್ತದೆ. ಅದರಲ್ಲಿ ಇಪ್ಪತ್ತು ಮುಖದ ದಾಳವೂ ಒಂದಿದೆ ಅಂದಾಗ ಮಾವನ ಕೈ ಬಳ್ಳಿಯ ಮೇಲೇ ನಿಂತಿತು. ಅದನ್ನು ಉರುಳಿಸುವುದು ಹೇಗೆ, ಯಾವ ಮುಖ ಮೇಲೆ ಬಂದಿದೆ ಅಂತ ತಿಳಿಯುವುದು ಹೇಗೆ, ಎಲ್ಲವನ್ನೂ ವಿಚಾರಿಸಿಕೊಂಡರು.

ಕುರುಕ್ಷೇತ್ರಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ಇಲ್ಲಿ ದುರ್ಯೋಧನ ಕೊನೆಗೆ ತೊಡೆ ಮುರಿದು ಬೀಳಲೇಬೇಕು ಅಂತ ಯಾರೂ ಬರೆದಿಟ್ಟಿಲ್ಲ. ಪಾತ್ರ ಆಡುತ್ತಾ ಆಡುತ್ತಾ ಬೆಳೆಯುತ್ತದೆ, ಅನುಭವದ ಅಂಕ ಕೂಡಿದಂತೆ ಬಲ ಹೆಚ್ಚುತ್ತದೆ. ಇವತ್ತು ಮಕ್ಕಳ ಬಾಯಲ್ಲಿ ಸದಾ ಇರುವ 'ಲೆವೆಲ್' ಅಲ್ಲಿಂದಲೇ ಬಂದದ್ದು.

ಮೇಷ್ಟ್ರ ಕೆಲಸವನ್ನು ಕಂಪ್ಯೂಟರಿಗೆ ಕಲಿಸಿದವರು ಹೆಚ್ಚಾಗಿ ವಿದ್ಯಾರ್ಥಿಗಳು, ಅದೂ ಕದ್ದು ಮುಚ್ಚಿ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪಾಠ ಕಲಿಸಲಿಕ್ಕೆಂದು ಕಟ್ಟಿದ 'ಪ್ಲೇಟೋ' ಎಂಬ ವ್ಯವಸ್ಥೆಯಿತ್ತು. ಅದರ ಪರದೆಯ ಮೇಲೆ ಕಿತ್ತಳೆ ಬಣ್ಣದ ಗೆರೆಗಳು ಮೂಡುತ್ತಿದ್ದವು. 1975ರಲ್ಲಿ ರಸ್ಟಿ ರುದರ್‌ಫರ್ಡ್ ಎಂಬಾತ ಬೇರೆ ಕೆಲಸಕ್ಕೆ ಮೀಸಲಿದ್ದ ಜಾಗದಲ್ಲಿ ಒಂದು ಆಟ ಬರೆದಿಟ್ಟ. ಹೆಸರೂ ಆ ಜಾಗದ್ದೇ, 'ಪೆಡಿಟ್5'. ನೋಡಿದವರಿಗೆ ಅದು ಆಟ ಅಂತಲೇ ಅನ್ನಿಸಬಾರದು. ಮೇಲಿನವರಿಗೆ ಗೊತ್ತಾಗಿ ಅಳಿಸಿದರು. ಆದರೆ ಆಡಿದವರ ರುಚಿಯನ್ನು ಅಳಿಸುವುದು ಹೇಗೆ? ಅದೇ ಹೊತ್ತಿಗೆ 'ಪ್ಲೇಟೋ'ದಲ್ಲೇ 'ಡಿಎನ್‌ಡಿ' ಎಂಬ ಇನ್ನೊಂದು ಹುಟ್ಟಿತು.

ನನಗೆ ಇವುಗಳ ಪರಿಚಯವಾದದ್ದು ಮೈಸೂರಲ್ಲಿ ಓದುವಾಗ, ಕಾಲೇಜಿನ ಲ್ಯಾಬ್‌ನಲ್ಲಿ ಯಾರೋ ಹಾಕಿಟ್ಟಿದ್ದ 'ನೆಟ್‌ಹ್ಯಾಕ್'ನಿಂದ. ಅದು 1987ರ ಆಟ. ಅದರ ಅಜ್ಜ 1980ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಮೈಕಲ್ ಟಾಯ್, ಗ್ಲೆನ್ ವಿಕ್‌ಮನ್ ಎಂಬ ವಿದ್ಯಾರ್ಥಿಗಳು ಬರೆದ 'ರೋಗ್'. ಅವುಗಳಲ್ಲಿ ಒಂದೇ ಒಂದು ಚಿತ್ರವಿಲ್ಲ. ಇ-ಮೇಲ್ ವಿಳಾಸದ ನಡುವೆ ಬರುವ ಆ ಸುತ್ತು ಹಾಕಿದ 'ಎ' ಇದೆಯಲ್ಲ, ಅದೇ ನಾನು. ಇಂಗ್ಲಿಷ್ ಅಕ್ಷರಗಳೇ ರಾಕ್ಷಸರು, ಚುಕ್ಕಿಗಳೇ ನೆಲ. ಪ್ರತಿ ಸಲವೂ ಕಂಪ್ಯೂಟರ್ ಹೊಸ ನೆಲಮಾಳಿಗೆ ಕಟ್ಟುತ್ತದೆ, ಸತ್ತರೆ ಮೊದಲಿನಿಂದ ಶುರು. 'ಡಿ' ಅಕ್ಷರ ಕಂಡರೆ ನಿಜವಾಗಿಯೂ ಎದೆ ನಡುಗುತ್ತಿತ್ತು ಮಾವ, ಅದು ಬೆಂಕಿ ಉಗುಳುವ ಡ್ರ್ಯಾಗನ್.

"ಅಕ್ಸರ ನೋಡಿ ಎದ್ರುಕೊಂಡ್ಯಾ?" ಅಂತ ನಕ್ಕ ಮಾವ ಮರುಕ್ಷಣವೇ ಗಂಭೀರವಾದರು. "ನಮಗೂ ಇದ್ದದ್ದು ಒಂದೇ ಅರಮನೆ ಸೀನು ಕನಪ್ಪ. ಅದೇ ಅಸ್ತಿನಾವತಿ, ಅದೇ ದ್ವಾರಕೆ. ಜನ ಒಪ್ಕೊಳ್ತಿರ್ಲಿಲ್ವಾ?"

ಒಪ್ಪಿಕೊಳ್ಳುತ್ತಿದ್ದರು. ಪರದೆ ಬಡವಾಗಿದ್ದಷ್ಟೂ ಆಡುವವನ ಮನಸ್ಸು ಹೆಚ್ಚು ದುಡಿಯುತ್ತದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. 1981ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಆಂಡ್ರೂ ಗ್ರೀನ್‌ಬರ್ಗ್, ರಾಬರ್ಟ್ ವುಡ್‌ಹೆಡ್ 'ವಿಝರ್ಡ್ರಿ' ತಂದರು. ಆರು ಜನರ ತಂಡ ಕಟ್ಟಿಕೊಂಡು ಹತ್ತು ಅಂತಸ್ತಿನ ಚಕ್ರವ್ಯೂಹಕ್ಕೆ ಇಳಿಯಬೇಕು. ಗೋಡೆಯ ಗೆರೆಗಳನ್ನು ಬಿಟ್ಟರೆ ಕಾಣುವುದು ಕಡಿಮೆ. ಆಡುವವರು ಗ್ರಾಫ್ ಹಾಳೆಯ ಮೇಲೆ ಹೆಜ್ಜೆ ಹೆಜ್ಜೆಗೂ ನಕ್ಷೆ ಬರೆದುಕೊಳ್ಳುತ್ತಿದ್ದರು. ಮುಂದೆ ಜಪಾನಿನ ಯೂಜಿ ಹೋರಿಯಿ 'ವಿಝರ್ಡ್ರಿ', 'ಅಲ್ಟಿಮಾ' ಎರಡನ್ನೂ ಆಡಿ ಮೆಚ್ಚಿ, ಮಕ್ಕಳಿಗೂ ಎಟುಕುವಂತೆ 1986ರಲ್ಲಿ 'ಡ್ರ್ಯಾಗನ್ ಕ್ವೆಸ್ಟ್' ಮಾಡಿದರು.

ಆದರೆ ಮಾವನಿಗೆ ನಾನು ಹೇಳಲೇಬೇಕು ಅಂದುಕೊಂಡದ್ದು 'ಅಲ್ಟಿಮಾ'ದ ನಾಲ್ಕನೆಯ ಭಾಗದ ವಿಷಯ. ಅದನ್ನು ಬರೆದ ರಿಚರ್ಡ್ ಗ್ಯಾರಿಯಟ್ ಗಗನಯಾತ್ರಿಯೊಬ್ಬರ ಮಗ, ಹೈಸ್ಕೂಲಿನಲ್ಲಿದ್ದಾಗಲೇ ಆಟ ಬರೆಯಲು ಕೂತವನು. ಅವನ ಮೊದಲಿನ ಆಟಗಳಲ್ಲಿ ಜನ ಅಂಗಡಿಯಲ್ಲಿ ಕದ್ದು, ಊರವರನ್ನೂ ಕೊಂದು ಗೆಲ್ಲುತ್ತಿದ್ದರು. ಅದು ಅವನ ಮನಸ್ಸಿಗೆ ನಾಟಿತು. 1985ರಲ್ಲಿ ಬಂದ ನಾಲ್ಕನೆಯ ಭಾಗದಲ್ಲಿ ಕೊಲ್ಲಬೇಕಾದ ರಾಕ್ಷಸರಾಜನೇ ಇಲ್ಲ. ಸತ್ಯ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಮರ್ಯಾದೆ, ಅಧ್ಯಾತ್ಮ, ವಿನಯ, ಈ ಎಂಟರಲ್ಲೂ ಪಕ್ವವಾದವನು 'ಅವತಾರ್' ಆಗುತ್ತಾನೆ. ಹೌದು, ನಮ್ಮ ಅವತಾರವನ್ನೇ ಅವನು ಎರವಲು ಪಡೆದ.

ಶುರುವಿನಲ್ಲೇ ಕಣಿ ಹೇಳುವ ಹೆಂಗಸು ಪ್ರಶ್ನೆ ಕೇಳುತ್ತಾಳೆ, ಎರಡು ಒಳ್ಳೆಯದರಲ್ಲಿ ಒಂದನ್ನು ಆರಿಸಬೇಕು. ಆ ಉತ್ತರಗಳಿಂದಲೇ ನಿನ್ನ ಪಾತ್ರ ನಿಗದಿಯಾಗುತ್ತದೆ. ಶೌರ್ಯ ಹಿಡಿದವನು ಯೋಧ, ವಿನಯ ಹಿಡಿದವನು ಕುರಿ ಕಾಯುವವನು. ಮೂಲಿಕೆ ಮಾರುವವಳು ಕುರುಡಿ. ಎಷ್ಟು ಕೊಟ್ಟೆ ಅಂತ ಅವಳಿಗೆ ಕಾಣುವುದಿಲ್ಲ. ಕಡಿಮೆ ಕೊಟ್ಟರೂ ಬಾಯಿ ಬಿಡುವುದಿಲ್ಲ, ಆಟವೂ ಆಗ ಏನೂ ಹೇಳುವುದಿಲ್ಲ. ಒಳಗೊಳಗೇ ಸತ್ಯದ ಲೆಕ್ಕದಲ್ಲಿ ಕಳೆಯುತ್ತದೆ. ಭಿಕ್ಷುಕನಿಗೆ ಕೊಟ್ಟರೆ ಕರುಣೆ ಏರುತ್ತದೆ, ರಕ್ತ ಕೊಟ್ಟರೆ ತ್ಯಾಗ ಏರುತ್ತದೆ. ಬೇಕಾದ ಸುಳಿವೆಲ್ಲ ಸಿಗುವುದು ಊರೂರು ಅಲೆದು ಜನರನ್ನು ಮಾತಾಡಿಸಿದರೆ ಮಾತ್ರ.

"ಕರ್ಣ ಗೆಲ್ಲೋ ಆಟ ಅಂತ ಹೇಳು," ಅಂದರು ಮಾವ. ಇಷ್ಟು ವರ್ಷ ಶಕುನಿಯಾದವರ ಬಾಯಲ್ಲಿ ಆ ಮಾತು ಕೇಳಿ ನನಗೆ ಸಂತೋಷವಾಯಿತು.

ಆಟ ಹುಟ್ಟಿಸುವ ಬುದ್ಧಿ ನಮಗೆ ಹೊಸದೂ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹಲಗೆಯಾಟ, ಎಲೆಯಾಟಗಳನ್ನು ಹೆಣೆದವರು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯ ಕೌತುಕನಿಧಿಯಲ್ಲಿ ಅವುಗಳ ವಿವರವಿದೆ. ಬೆಂಗಳೂರಿನಲ್ಲಿ ರಾಜೇಶ್ ರಾವ್ ಕಟ್ಟಿದ 'ಧ್ರುವ' 1990ರ ದಶಕದಲ್ಲೇ ಕಂಪ್ಯೂಟರ್ ಆಟದ ಕೆಲಸಕ್ಕಿಳಿದು ಹೊರದೇಶದ ಕಂಪನಿಗಳಿಗೆ ದುಡಿಯಿತು, 2019ರಲ್ಲಿ 'ರಾಕ್‌ಸ್ಟಾರ್' ಅದನ್ನು ಕೊಂಡುಕೊಂಡಿತು. ಕೈಯಿದೆ, ಕಸುಬಿದೆ. ಆದರೆ ನಮ್ಮ ಜನ, ನಮ್ಮ ಊರು, ನಮ್ಮ ಮಾತು ಇರುವ ಪಾಲ್ಟಿನ ಆಟವೊಂದು ಕನ್ನಡದಲ್ಲಿ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ಬರಿಯ ಅಕ್ಷರದಲ್ಲೇ 'ರೋಗ್' ಆಗಿದ್ದರೆ, ಕನ್ನಡ ಅಕ್ಷರದಲ್ಲಿ ಸಾಲಿಗ್ರಾಮದ ಹೈಸ್ಕೂಲ್ ಹುಡುಗಿಯೊಬ್ಬಳು ಇವತ್ತೇ ಒಂದನ್ನು ಬರೆಯಲು ಕೂರಬಹುದು. ಅದಕ್ಕೆ ಕೋಟಿ ಬೇಡ.

"ಏನು ಬರೀಬೇಕು ಅವ್ಳು?"

ನಮ್ಮೂರನ್ನೇ. ವನವಾಸದಲ್ಲಿ ರಾಮ, ಸೀತೆ, ಲಕ್ಷ್ಮಣರಿಗೆ ಆಸರೆ ಕೊಟ್ಟರು ಅನ್ನುವ ಚುಂಚ, ಚುಂಚಿ ಇಲ್ಲವೇ? ಆಡುವವನು ರಾಮನಾಗುವುದು ಬೇಡ, ಚುಂಚನಾಗಲಿ. ಕೋದಂಡರಾಮನ ಗುಡಿಯಲ್ಲಿ ಸೀತೆ ರಾಮನ ಬಲಕ್ಕೇಕೆ ನಿಂತಿದ್ದಾಳೆ ಅಂತ ಗೊತ್ತಾಗಬೇಕಾದರೆ ಹೊಳೆ ದಾಟಿ ಹತ್ತು ಜನರನ್ನು ಕೇಳಲಿ. ಇಲ್ಲವೇ ಜನವರಿಯ ದನಗಳ ಜಾತ್ರೆ. ನೀನೊಬ್ಬ ರೈತ, ಜೊತೆಯಲ್ಲಿ ಒಂದು ಜೋಡಿ ಹಳ್ಳಿಕಾರ್ ಎತ್ತು. ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಿದ್ದಾನೆ. ಕೊಳ್ಳುವವನು ಬಾಯಿ ಬಿಡಿಸಿ ಹಲ್ಲು ನೋಡಿದ, ಸುಳಿ ನೋಡಿದ, ಎಲ್ಲ ಸರಿಯಿದೆ. ಎಡಗಡೆಯ ಎತ್ತು ಹಾಯುತ್ತದೆ ಅನ್ನುವುದು ನಿನಗೊಬ್ಬನಿಗೇ ಗೊತ್ತು. ಹೇಳ್ತೀಯೋ, ಸುಮ್ಮನಿರ್ತೀಯೋ?

ಮಾವ ಬಹಳ ಹೊತ್ತು ಯೋಚಿಸಿದರು. "ಏಳ್ದೆ ಇದ್ರೆ ಏನಾಯ್ತದೆ?"

"ಆಗ ಏನೂ ಆಗಲ್ಲ. ದುಡ್ಡು ಸಿಗ್ತದೆ. ಮುಂದಿನ ವರ್ಷದ ಜಾತ್ರೆಯಲ್ಲಿ ನಿಮ್ಮ ಟವೆಲ್ ಕೆಳಗೆ ಯಾರೂ ಕೈ ಇಡಲ್ಲ."

"ನಿಜ ಕನ್ಲಾ, ಹಂಗೇ ಆಗೋದು." ಸೊಗಡವರೆ ತುಂಬಿದ ಮಡಿಲನ್ನು ಮೊರಕ್ಕೆ ಸುರಿದುಕೊಂಡು ಅವರು ಮುಂದುವರಿಸಿದರು: "ಆದ್ರೆ ಒಂದು ಮರ್ತಿದ್ದೀಯೆ. ಜಾತ್ರೆ ಮುಗಿಯೋಗಂಟ ಎತ್ಗೆ ಹುಲ್ಲು, ಹುರುಳಿ ಎಲ್ಲಿಂದ ತತ್ತೀಯೆ? ಮೇವು ಮುಗ್ದೋದವ್ನು ಬಂದ ಬೆಲೆಗೆ ಕೊಟ್ಬುಡ್ತಾನೆ. ಅದ್ನೂ ಲೆಕ್ಕಕ್ಕೆ ಹಾಕು."

'ರೋಗ್'ನಲ್ಲೂ 'ಅಲ್ಟಿಮಾ'ದಲ್ಲೂ ಊಟದ ಲೆಕ್ಕವಿದೆ, ಹಸಿದರೆ ಸಾವೇ. ಹಾಗಂತ ಹೇಳಿ, ಮೇವಿನ ಹೊರೆ ದಿನಕ್ಕೆಷ್ಟು, ನೀರು ಕುಡಿಸಲು ಹೊಳೆಗೆ ಯಾವ ದಾರಿಯಲ್ಲಿ ಹೊಡೆದುಕೊಂಡು ಹೋಗಬೇಕು ಅಂತ ಅವರನ್ನೇ ಕೇಳುತ್ತಾ ಬರೆದುಕೊಳ್ಳತೊಡಗಿದೆ.