ಚಕ್ ಬಿಚ್ಚುವ ಕಾಕಾ

ಸಕ್ಕರೆ ಕಾರ್ಖಾನೆ ಇದ್ದ ಊರಿಗೆ ನಿವೃತ್ತ ಫಿಟ್ಟರುಗಳ ಬರ ಬರುವುದಿಲ್ಲ. ಸಮೀರವಾಡಿಯ ಸುತ್ತಮುತ್ತ ಅವರು ಓಣಿಗೊಬ್ಬರು. ಗೋದಾವರಿ ಕಾರ್ಖಾನೆಯ ಮಿಲ್ ಹೌಸಿನಲ್ಲೋ ಬಾಯ್ಲರ್ ಕಡೆಗೋ ಪ್ರಾಯವಿಡೀ ಪಾನಾ ಹಿಡಿದು, ರಿಟೈರ್ ಆದಮೇಲೆ ಕಾಲನಿಯ ಕ್ವಾರ್ಟರ್ಸ್ ಬಿಟ್ಟುಕೊಟ್ಟು, ಸೈದಾಪುರದ ಕಡೆಗೋ ಮಹಾಲಿಂಗಪುರದ ರಸ್ತೆಗೋ ಮನೆ ಕಟ್ಟಿಸಿಕೊಂಡವರು. ಇವರಲ್ಲಿ ಕೆಲವರು ಹೊಲ ನೋಡುತ್ತಾರೆ, ಕೆಲವರು ಭಜನೆಗೆ ಕೂಡುತ್ತಾರೆ. ಈ ಎರಡೂ ಹಿಡಿಸದವರು ಮನೆಯಲ್ಲೇ ವರ್ಕ್‌ಶಾಪ್ ಇಡುತ್ತಾರೆ. ನಾನು ಹೇಳಹೊರಟದ್ದು ಈ ಮೂರನೆಯವರ ಸುದ್ದಿ. ಹೆಸರು ಏನೇ ಇರಲಿ, ಊರಿಗೆಲ್ಲ ಇವರು ಫಿಟ್ಟರ್ ಕಾಕಾ.

ಕಾಕಾನ ವರ್ಕ್‌ಶಾಪು ಒಂದು ಕಾಲಕ್ಕೆ ದನದ ಕೊಟ್ಟಿಗೆ. ಬೆಳಗಾವಿಯ ಉದ್ಯಮಬಾಗದಲ್ಲಿ ಯಾರದೋ ಶೆಡ್ಡು ಮುಚ್ಚುವಾಗ ಒಂದು ಹಳೆಯ ಬೆಂಚ್ ಡ್ರಿಲ್ ಸಿಕ್ಕಿತು, ಅದನ್ನು ನಿಲ್ಲಿಸಲು ಜಾಗ ಬೇಕಾಯಿತು, ಎಮ್ಮೆ ಮಾರಿದರು. ಈ ವ್ಯವಹಾರದ ಬಗ್ಗೆ ಅವರ ಹೆಂಡತಿ ಕಾಕುನ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ. "ಎಮ್ಮಿ ಇದ್ದಿದ್ರ ಹಾಲರ ಹಿಂಡತಿತ್ತು. ಇದು ಬರೇ ಗುರ್ ಅಂತೈತಿ." ಗ್ವಾದಲಿ ಮಾತ್ರ ಹಾಗೇ ಉಳಿದಿದೆ. ಕಣಕಿ ಬೀಳುತ್ತಿದ್ದಲ್ಲಿ ಈಗ ಡ್ರಿಲ್ ಬಿಟ್ಟುಗಳು, ಟ್ಯಾಪುಗಳು, ಬನಹಟ್ಟಿಯ ಮಗ್ಗದಿಂದ ಚೀಲಗಟ್ಟಲೆ ತಂದ ನೂಲಿನ ವೇಸ್ಟು, ಮತ್ತು ಯಾರೂ ಮುಟ್ಟಬಾರದ ಒಂದು ಡಯಲ್ ಗೇಜು.

ಕಾಕಾನನ್ನು ಗುರುತಿಸುವುದು ಬಹಳ ಸರಳ. ಅಂಗಿಯ ಕಿಸೆ ನೋಡಬೇಕು. ಅಲ್ಲಿ ಆರಿಂಚಿನ ಸ್ಟೀಲ್ ಪಟ್ಟಿ ಇರುತ್ತದೆ, ಅದರ ಪಕ್ಕ ಚಕ್ಕಿನ ಚಾವಿ, ಅಂದರೆ ಡ್ರಿಲ್ಲಿನ ಬಿಟ್ಟನ್ನು ಕಚ್ಚಿ ಹಿಡಿಯುವ ಮೂತಿಯನ್ನು ಬಿಗಿ ಮಾಡುವ ಚಾವಿ. ಮದುವೆಗೆ ಹೋದರೂ ಅದು ಕಿಸೆಯಲ್ಲೇ. ಆಹೇರಿಯ ಲಕೋಟೆ ತೆಗೆಯಲು ಕೈ ಹಾಕಿದರೆ ಮೊದಲು ಚಾವಿ ಬರುತ್ತದೆ. ಯಾಕೆ ಅಂತ ಕೇಳಿದರೆ ಕಾರಣ ಸಿದ್ಧವಿದೆ. ಚಾವಿ ಬೆಂಚಿನ ಮೇಲಿಟ್ಟರೆ ಕಳೆಯುತ್ತದೆ. ಚಕ್ಕಿನಲ್ಲೇ ಬಿಟ್ಟು ಯಾವನೋ ಸ್ವಿಚ್ ಒತ್ತಿದರೆ ಅದು ಹಾರಿ ಹಲ್ಲಿಗೆ ಬರುತ್ತದೆ. ಎರಡನೆಯದನ್ನು ಹೇಳುವಾಗ ಕಾಕಾ ತಮ್ಮ ಮೇಲಿನ ಹಲ್ಲಿನ ಸಂದಿಯನ್ನು ಬೆರಳಿನಿಂದ ತೋರಿಸುತ್ತಾರೆ. ಆ ಹಲ್ಲು ಕಬ್ಬು ಸಿಗಿಯುವಾಗ ಹೋದದ್ದು ಅಂತ ಕಾಕು ಹೇಳುತ್ತಾರೆ. ನಾನು ಎರಡನ್ನೂ ನಂಬಿದ್ದೇನೆ.

ಇಂಥವರ ಹತ್ತಿರ ನೀವು ಒಂದು ಸಣ್ಣ ಹೋಲ್ ಹೊಡೆಸಿಕೊಳ್ಳಲು ಹೋಗುತ್ತೀರಿ. ಹೋಗಬಾರದು ಅಂತ ಊರಲ್ಲಿ ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ಹೋಗುತ್ತಾರೆ. ಸೀಸನ್ ಶುರುವಾಗುವ ಮುಂಚೆ ಕಬ್ಬಿನ ಟ್ರ್ಯಾಕ್ಟರಿನ ಹುಡುಗನೊಬ್ಬ ಟ್ರೇಲರಿನ ಹಿಂದೆ ರಿಫ್ಲೆಕ್ಟರ್ ಕೂಡಿಸಬೇಕೆಂದು ಒಂದು ಪಟ್ಟಿ ಹಿಡಿದು ಬಂದ. ಹಾಡಿನ ಡಬ್ಬಿಗೆ ಸಾವಿರಾರು ರೂಪಾಯಿ ಸುರಿದವನಿಗೆ ರಿಫ್ಲೆಕ್ಟರಿನ ನೆನಪಾದದ್ದೇ ದೊಡ್ಡದು.

"ಕಾಕಾ, ಒಂದೆರಡು ಹೋಲ್ ಹೊಡಕೊಡ್ರಿ."

ಕಾಕಾ ಪಟ್ಟಿಯ ಕಡೆ ನೋಡಲೇ ಇಲ್ಲ. "ನಿನ್ನ ಕೈಯಾಗಿನ ಡ್ರಿಲ್ಲಿಗೆ ಏನಾಗೇತಿ?"

"ಬಿಟ್ ನಿಲ್ಲವಲ್ದ್ರಿ. ಒತ್ತಿದ್ರ ಮಷೀನ್ ತಿರಗತೈತಿ, ಬಿಟ್ ಸುಮ್ನ ನಿಂದರತೈತಿ."

ಆ ಪಟ್ಟಿಯ ಕಥೆ ಅಲ್ಲಿಗೆ ಮುಗಿಯಿತು. ಕಾಕಾ ಡ್ರಿಲ್ಲನ್ನು ಎರಡೂ ಕೈಯಲ್ಲಿ ತಗೊಂಡು ಬಾಗಿಲ ಬೆಳಕಿಗೆ ಬಂದರು. ಬಿಟ್ ಹೊರಗೆಳೆದು ಅದರ ಬುಡಕ್ಕೆ ಉಗುರು ಆಡಿಸಿದರು. ಸುತ್ತಲೂ ಬಳೆಯಂತೆ ಗೀರು. ಅಂದರೆ ಚಕ್ಕಿನ ಮೂರು ದವಡೆ ಬಿಟ್ಟನ್ನು ಕಚ್ಚದೆ ಉಜ್ಜಿವೆ.

"ತಮ್ಮಾ, ಚಕ್ಕಿನ ಮೈಮ್ಯಾಲ ಚಾವಿ ಹಾಕಾಕ ಮೂರು ತೂತು ಯಾಕ ಕೊಟ್ಟಾರ?"

"ಒಂದು ಕೆಟ್ರ ಇನ್ನೊಂದು ಇರಲಿ ಅಂತ ಇರಬೇಕ್ರಿ."

ಕಾಕಾ ಕಣ್ಣು ಮುಚ್ಚಿಕೊಂಡರು. ಮಿಲ್ಲಿನಲ್ಲಿ ರೋಲರ್ ಒಡೆದಾಗಲೂ ಅವರಿಗೆ ಇಷ್ಟು ನೋವಾಗಿರಲಿಕ್ಕಿಲ್ಲ. ಆಮೇಲೆ ಪಾಠ ನಡೆಯಿತು. ಒಂದೇ ತೂತಿನಲ್ಲಿ ಚಾವಿ ಹಾಕಿ ಎಷ್ಟು ಜಗ್ಗಿದರೂ ಬಿಗಿತ ಒಂದು ಕಡೆಗೇ ಬೀಳುತ್ತದೆ. ಎರಡನೆಯದಕ್ಕೆ ಹಾಕಿದರೆ ಇನ್ನಷ್ಟು ತಿರುಗುತ್ತದೆ, ಮೂರನೆಯದಕ್ಕೆ ಹಾಕಿದರೆ ಮತ್ತೂ ಒಂಚೂರು. ಆ ಒಂಚೂರೇ ಹಿಡಿತ. ಹುಡುಗ ಮೂರೂ ಕಡೆ ಬಿಗಿ ಮಾಡಿ ನೋಡಿದ, ನಿಜವಾಗಿಯೂ ತಿರುಗಿತು. ಆದರೆ ದವಡೆಗಳ ತುದಿ ಅಷ್ಟರಲ್ಲಾಗಲೇ ಸವೆದು ಗಂಟೆಯ ಬಾಯಿಯಂತೆ ಅಗಲವಾಗಿದ್ದವು. "ಚಕ್ ಹೋತು," ಅಂದರು ಕಾಕಾ, ವೈದ್ಯರು ಹೊರಗೆ ಬಂದು ಹೇಳುವ ದನಿಯಲ್ಲಿ. ಆ ದನಿಯ ಹಿಂದೆ ಸಣ್ಣ ಸಂತೋಷವೂ ಇತ್ತು. ಚಕ್ ಹೋಯಿತು ಅಂದರೆ ಬಿಚ್ಚಬೇಕು.

ಬಿಚ್ಚುವುದು! ಕಾಕಾನ ಬದುಕಿನ ಸಾರ್ಥಕತೆ ಇರುವುದು ಇಲ್ಲಿ. ಹೋಲ್ ಯಾರು ಬೇಕಾದರೂ ಹೊಡೆದಾರು. ಕೈ ಡ್ರಿಲ್ಲಿನ ಚಕ್ ಬಿಚ್ಚಲು ಬಂದವರಲ್ಲಿ ಮುಕ್ಕಾಲು ಮಂದಿ ಪೈಪ್ ಪಾನಾ ಹಾಕಿ ಜಗ್ಗಿ, ಗೇರು ಮುರಿದುಕೊಂಡು, ಆಮೇಲೆ ಇವರ ಕೊಟ್ಟಿಗೆಗೆ ಬಂದವರು. ಗುಟ್ಟು ಚಕ್ಕಿನ ಹೊಟ್ಟೆಯಲ್ಲಿದೆ. ದವಡೆಗಳನ್ನು ಪೂರ್ತಿ ತೆರೆದು ಒಳಗೆ ಬ್ಯಾಟರಿ ಬಿಟ್ಟರೆ ತಳದಲ್ಲಿ ಒಂದು ಸ್ಕ್ರೂ ಕಾಣುತ್ತದೆ. ಅದು ಎಡಚ, ಬಲಕ್ಕೆ ತಿರುವಿದರೆ ಸಡಿಲಾಗುತ್ತದೆ. ಲೋಕವೆಲ್ಲ ಎಡಕ್ಕೆ ತಿರುವಿ ಸಡಿಲ ಮಾಡುವಾಗ ಇದೊಂದಕ್ಕೇಕೆ ಈ ಹಟ? ಡ್ರಿಲ್ಲನ್ನು ಉಲ್ಟಾ ಓಡಿಸಿದಾಗ ಚಕ್ಕು ತಾನೇ ಬಿಚ್ಚಿಕೊಂಡು ಕೈಗೆ ಬರಬಾರದಲ್ಲ. ಅದು ಸಡಿಲಾಗಲು ಹೊರಟ ದಿಕ್ಕಿನಲ್ಲೇ ಈ ಸ್ಕ್ರೂ ಬಿಗಿಯಾಗುತ್ತದೆ. ಉಲ್ಟಾ ತಿರುಗದ ಹಳೆಯ ಮಷೀನುಗಳಿಗೆ ಸ್ಕ್ರೂ ಇರುವುದೇ ಅಪರೂಪ. ಇಷ್ಟು ಗೊತ್ತಿಲ್ಲದೆ ಎಡಕ್ಕೆ ಜಗ್ಗಿ ಸ್ಕ್ರೂವಿನ ತಲೆ ಅಳಿಸಿಕೊಂಡು ಬಂದ ಇಂಜಿನಿಯರುಗಳೂ ಉಂಟು. ಅವರ ಸುದ್ದಿ ಹೇಳುವಾಗ ಕಾಕಾ ಅವರ ಡಿಗ್ರಿಯನ್ನು ಬಿಡದೆ ಹೇಳುತ್ತಾರೆ.

ಸ್ಕ್ರೂ ಬಂದಮೇಲೆ ಚಕ್ಕಿನದು ಮಾಮೂಲಿ ಆಟೆ, ಅಂದರೆ ತಿರುಪಿನ ಸುತ್ತು, ಎಡಕ್ಕೇ ಬಿಚ್ಚಬೇಕು. ಕಾಕಾ ದೊಡ್ಡದೊಂದು ಆಲನ್ ಕೀಯ ಗಿಡ್ಡ ತುದಿಯನ್ನು ಚಕ್ಕಿನಲ್ಲಿ ಬಿಗಿದರು, ಗೇರನ್ನು ನಿಧಾನದ್ದಕ್ಕೆ ಹಾಕಿದರು, ಮಷೀನನ್ನು ಮೊಣಕಾಲಲ್ಲಿ ಅದುಮಿದರು, ಉದ್ದನೆಯ ತುದಿಗೆ ಸುತ್ತಿಗೆಯಿಂದ ಒಂದೇ ಏಟು ಕೊಟ್ಟರು. ಮೆಲ್ಲಗೆ ನೂಕಿದರೆ ಬರುವುದಿಲ್ಲ. ಚುರುಕಾದ ಏಟೇ ಬೇಕು. ಟಕ್ ಅಂದಿತು. ಉಳಿದದ್ದನ್ನು ಬೆರಳಲ್ಲೇ ತಿರುವಿ ಚಕ್ಕನ್ನು ಹುಡುಗನ ಅಂಗೈಯಲ್ಲಿಟ್ಟರು. ಅವನು ಅದನ್ನು ಪ್ರಸಾದ ತಗೊಂಡ ಹಾಗೆ ಹಿಡಿದುಕೊಂಡು ನಿಂತ. ರಿಫ್ಲೆಕ್ಟರಿನ ಪಟ್ಟಿ ಗ್ವಾದಲಿಯಲ್ಲಿ ನೂಲಿನ ಕೆಳಗೆ ಸೇರಿಹೋಗಿತ್ತು.

ಇಲ್ಲಿಂದ ಮುಂದೆ ಚಕ್ಕಿನ ಆಯ್ಕೆ. ಪೇಟೆಗೆ ಹೋಗುವಾಗ ಹಳೆಯ ಚಕ್ಕನ್ನು ಕೈಚೀಲದಲ್ಲಿ ಹಾಕಿಕೊಂಡೇ ಹೋಗಬೇಕು ಎಂಬುದು ಕಾಕಾನ ಕಟ್ಟಪ್ಪಣೆ. "13 ಎಂಎಂ ಚಕ್ ಕೊಡ್ರಿ" ಅಂತ ಬರಿಗೈಯಲ್ಲಿ ಕೇಳುವವನನ್ನು ಅಂಗಡಿಯವನು ಕಣ್ಣು ಮಿಟುಕಿಸದೆ ಮೋಸ ಮಾಡುತ್ತಾನೆ. 13 ಎಂಎಂ ಅನ್ನುವುದು ಬಾಯಿಯ ಅಳತೆ, ಬೆನ್ನಿನ ಅಳತೆ ಬೇರೆ. ದೊಡ್ಡ ಕೈ ಡ್ರಿಲ್ಲಿನ ಬೆನ್ನಿಗೆ ಸಾಮಾನ್ಯವಾಗಿ ಅರ್ಧ ಇಂಚಿನ ಆಟೆ, ಇಂಚಿಗೆ 20 ಸುತ್ತು. 10 ಎಂಎಂ ಚಕ್ಕಿನ ಸಣ್ಣ ಮಷೀನಿಗೆ ಬಹಳ ಸಲ ಎಂಟರಲ್ಲಿ ಮೂರು ಇಂಚು, 24 ಸುತ್ತು. ಬೆಂಚ್ ಡ್ರಿಲ್ಲಿಗೆ ಹೆಚ್ಚಾಗಿ ಆಟೆಯೇ ಇರುವುದಿಲ್ಲ, ತುದಿಗೆ ಹೋದಂತೆ ಸಪೂರವಾಗುವ ಟೇಪರು. ಅದರಲ್ಲೂ ಬಿ 16 ಅಂತ ಒಂದು, ಜೆಟಿ 33 ಅಂತ ಇನ್ನೊಂದು. ದಪ್ಪದಲ್ಲಿ ಎರಡಕ್ಕೂ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಫರಕು, ಇಳಿಜಾರು ಮಾತ್ರ ಬೇರೆ ಬೇರೆ. ಕಣ್ಣಿಗೆ ಕೂತ ಹಾಗೆ ಕಾಣುತ್ತದೆ, ಕೈಗೂ ಕೂತ ಹಾಗೆ ಅನಿಸುತ್ತದೆ. ಕಬ್ಬಿಣಕ್ಕೆ ಬಿಟ್ ತಾಗಿದ ಕೂಡಲೇ ಚಕ್ಕು ಟೇಬಲ್ಲಿಗೆ ಇಳಿಯುತ್ತದೆ. ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲದ ಪೆಂಟೆಯನ್ನು ಒಡೆದು ರುಚಿ ನೋಡದೆ ಯಾರಾದರೂ ತಗೊಳ್ಳುತ್ತಾರೇನು ಅಂತ ಕಾಕಾ ಕೇಳುತ್ತಾರೆ. ಚಕ್ಕಿನ ಅಂಗಡಿಯವನು ಕಾಕಾ ಬರುವುದು ದೂರದಿಂದ ಕಂಡರೆ ಊಟಕ್ಕೆ ಹೋಗುತ್ತಾನೆ, ಬೆಳಗಿನ ಹತ್ತಕ್ಕೂ.

ಕಾಕಾನ ಸ್ವಂತ ಬೆಂಚ್ ಡ್ರಿಲ್ಲಿನ ಚಕ್ಕಿನ ಮೇಲೆ ಜೇಕಬ್ಸ್ ಅಂತಲೂ ಶೆಫೀಲ್ಡ್ ಅಂತಲೂ ಕೊರೆದಿದೆ. ಅದನ್ನು ತೋರಿಸುವ ಮುಂಚೆ ಕಾಕಾ ಕೈ ತೊಳೆಯುತ್ತಾರೆ. ಅಮೆರಿಕದ ಆರ್ಥರ್ ಜೇಕಬ್ಸ್ ಈಗಿನ ಹಲ್ಲಿನ ಚಾವಿಯ ಚಕ್ಕಿಗೆ ಪೇಟೆಂಟ್ ಪಡೆದದ್ದು 1902ರಲ್ಲಿ. ಪಾನಾ ಜಾರಿ ಬೆರಳ ಗಿಣ್ಣು ಜಜ್ಜಿಕೊಂಡ ಸಿಟ್ಟಿನಲ್ಲಿ ಆತ ಇದನ್ನು ಮಾಡಿದನಂತೆ ಎಂಬ ಕಥೆಯನ್ನು ಕಾಕಾ ತಮ್ಮ ಮನೆತನದ ಸಂಗತಿಯ ಹಾಗೆ ಹೇಳುತ್ತಾರೆ. ಅವರ ಲೆಕ್ಕದಲ್ಲಿ ಜಗತ್ತಿನ ದೊಡ್ಡ ಮನುಷ್ಯರು ಇಬ್ಬರೇ: ಒಬ್ಬ ಜೇಕಬ್ಸ್, ಇನ್ನೊಬ್ಬ ಅವನಿಗಿಂತ ಹಿಂದೆ 1860ರ ದಶಕದಲ್ಲಿ ಟೇಪರ್ ತಂದ ಸ್ಟೀಫನ್ ಮೋರ್ಸ್. ಎರಡು ಬದಿ ಕೂಡಿ ಮೂರು ಡಿಗ್ರಿಯ ಆಸುಪಾಸಿನ ಇಳಿಜಾರು. ಸ್ಕ್ರೂ ಇಲ್ಲ, ಪಿನ್ನಿಲ್ಲ. ಒಣ ಕಬ್ಬಿಣ ಒಣ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ, ಮೇಲಿಂದ ಒತ್ತಿದಷ್ಟೂ ಇನ್ನೂ ಗಟ್ಟಿಯಾಗುತ್ತದೆ.

ಒಣ ಅನ್ನುವ ಮಾತಿಗೆ ಒಂದು ಇತಿಹಾಸವಿದೆ. ಐಟಿಐ ಕಲಿಯುವ ಹುಡುಗನೊಬ್ಬ ರಜೆಯಲ್ಲಿ ಕಾಕಾನ ಹತ್ತಿರ ಕೆಲಸಕ್ಕೆ ಬರುತ್ತಿದ್ದ. ಒಂದು ದಿನ ಗುರುಭಕ್ತಿ ಹೆಚ್ಚಾಗಿ ಟೇಪರಿಗೆ ನೀಟಾಗಿ ಎಣ್ಣೆ ಸವರಿ ಚಕ್ ಏರಿಸಿದ. ಸಂಜೆಯ ತನಕ ಅದು ಬಿದ್ದೂ ಬಿದ್ದೂ ಬೆಂಚಿನ ಕಟ್ಟಿಗೆಯಲ್ಲಿ ಕುಳಿ ಬಿತ್ತು. ಆಮೇಲೆ ಕಾಕಾ ನೂಲಿನ ವೇಸ್ಟಿಗೆ ಚಿಮಣಿ ಎಣ್ಣಿ ಹಾಕಿ ಜಿಡ್ಡು ತೆಗೆದು, ಒಣ ಬಟ್ಟೆಯಿಂದ ಎರಡೂ ಕಡೆ ಒರೆಸಿ ಬೆಳಗಿಸಿ, ದವಡೆಗಳನ್ನು ಪೂರ್ತಿ ಒಳಗೆ ಸರಿಸಿ, ಚಕ್ಕಿನ ಮೂತಿಗೆ ಕಟ್ಟಿಗೆಯ ತುಂಡು ಇಟ್ಟು ಕೆಳಗಿನಿಂದ ಒಂದು ಏಟು ಹಾಕಿದರು. ದವಡೆ ಹೊರಗಿರುವಾಗ ಹೊಡೆದರೆ ಚಕ್ಕಿನ ಗತಿ ಮುಗಿದಂತೆಯೇ. ಆ ಹುಡುಗ ಈಗ ಜಮಖಂಡಿಯಲ್ಲಿ ಗ್ಯಾರೇಜ್ ಇಟ್ಟಿದ್ದಾನೆ. ಎಣ್ಣೆ ಡಬ್ಬಿ ಮುಟ್ಟುವಾಗ ಈಗಲೂ ಹಿಂದೆ ತಿರುಗಿ ನೋಡುತ್ತಾನಂತೆ.

ಟೇಪರಿನದನ್ನು ಬಿಚ್ಚುವ ರೀತಿಯೇ ಬೇರೆ. ಸ್ಪಿಂಡಲ್ಲಿನ ಪಕ್ಕದಲ್ಲೊಂದು ಸೀಳು ಇರುತ್ತದೆ. ಅದರಲ್ಲಿ ಡ್ರಿಫ್ಟ್ ಅನ್ನುವ ಇಳಿಜಾರಿನ ಪಟ್ಟಿ ತೂರಿಸಿ ತಟ್ಟಿದರೆ ಮೋರ್ಸ್ ಟೇಪರು ಚಕ್ಕಿನ ಸಮೇತ ಕೆಳಗೆ ಬರುತ್ತದೆ. ಕೆಳಗೆ ಮೊದಲೇ ಒಂದು ಗೋಣಿಚೀಲ ಹಾಸಿರಬೇಕು. ಸೀಳಿಲ್ಲದ ಕಡೆ, ಚಕ್ಕು ನೇರವಾಗಿ ಗಿಡ್ಡ ಟೇಪರಿನ ಮೇಲೆ ಕೂತಿದ್ದರೆ, ಎರಡು ಬೆಣೆಗಳನ್ನು ಎದುರುಬದುರು ತೂರಿಸಿ ಬಿಗಿ ಮಾಡುತ್ತ ಹೋಗಬೇಕು. ಲೇತಿನ ಹಿಂದಿನ ಟೇಲ್‌ಸ್ಟಾಕಿನಲ್ಲಾದರೆ ಬಹಳಷ್ಟು ಸಲ ಹ್ಯಾಂಡಲ್ ಹಿಂದಕ್ಕೆ ತಿರುವಿದರೆ ಸಾಕು, ತಾನೇ ಹೊರಬೀಳುತ್ತದೆ. ಇದರಲ್ಲಿ ಕಾಕಾಗೆ ಸ್ವಾರಸ್ಯ ಇಲ್ಲ. ಬಿಚ್ಚಲು ಒಬ್ಬ ಮನುಷ್ಯ ಬೇಡವಾದ ವಸ್ತುವಿನ ಬಗ್ಗೆ ಅವರಿಗೆ ಒಳಗೊಳಗೇ ಅನುಮಾನ.

ಅದೇ ಅನುಮಾನ ಗೋಡೆಗೆ ಹೋಲ್ ಹೊಡೆಯುವ ಹ್ಯಾಮರ್ ಡ್ರಿಲ್ಲಿನ ಎಸ್‌ಡಿಎಸ್ ಚಕ್ಕಿನ ಮೇಲೂ ಇದೆ. ಚಾವಿ ಇಲ್ಲ, ಬಿಟ್ಟನ್ನು ತುರುಕಿದರೆ ಕಟ್ ಅಂತ ಕೂಡುತ್ತದೆ, ಆದರೆ ಒಳಗೆ ಹಿಂದೆ ಮುಂದೆ ಆಡುತ್ತಿರುತ್ತದೆ. ಒಳಗಿನ ಏಟು ಬಿಟ್ಟಿನ ಬುಡಕ್ಕೇ ಬೀಳಲೆಂದು ಹಾಗೆ ಸಡಿಲ ಬಿಟ್ಟಿದ್ದಾರೆ ಅಂತ ಕಾಕಾಗೆ ಗೊತ್ತು, ಬೇರೆಯವರಿಗೆ ತಿಳಿಸಿಯೂ ಹೇಳುತ್ತಾರೆ. ಹೇಳಿ ಮುಗಿಸಿ, "ಆದ್ರೂ ಸಡ್ಲ ಇರೂದು ಛಲೋ ಅಲ್ಲ" ಅನ್ನುತ್ತಾರೆ.

ಕಾಕು ಈ ವಿದ್ಯೆಯನ್ನೆಲ್ಲ ಬೇರೊಂದು ಕಡೆಯಿಂದ ಅರಗಿಸಿಕೊಂಡಿದ್ದಾರೆ. ಸತ್ತ ಚಕ್ಕುಗಳನ್ನು ಕಾಕಾ ಗುಜರಿಗೆ ಕೊಡುವುದಿಲ್ಲ. ದವಡೆ ಹೋದರೂ ಒಳಗಿನ ಸುತ್ತು ಚೆನ್ನಾಗಿರಬಹುದು, ಎರಡು ಕೂಡಿಸಿ ಒಂದು ಮಾಡಬಹುದು ಎಂಬ ಆಸೆ. ಆ ಒಂದು ಇನ್ನೂ ಆಗಿಲ್ಲ. ಅಷ್ಟರೊಳಗೆ ಬ್ಯಾಸಿಗೆ ಬಂತೆಂದರೆ ಕಾಕು ಅವನ್ನು ಬುಟ್ಟಿಯಲ್ಲಿ ಹಾಕಿಕೊಂಡು ಮಾಳಿಗೆ ಏರುತ್ತಾರೆ. ಸಂಡಿಗೆ ಇಟ್ಟ ಹಳೆಯ ಇಳಕಲ್ ಸೀರೆಯ ನಾಲ್ಕೂ ಮೂಲೆಗೆ ಒಂದೊಂದು 13 ಎಂಎಂ ಚಕ್ಕು, ಅಂಚಿಗುಂಟ 10 ಎಂಎಂನವು. ಗಾಳಿ ಎಷ್ಟು ಬೀಸಿದರೂ ಸೀರೆ ಅಲುಗುವುದಿಲ್ಲ. ಓಣಿಯ ಹೆಂಗಸರು ಬಂದು, "ಕಾಕು, ಎರಡು ಕಲ್ಲು ಕೊಡ್ರಿ" ಅಂತ ಇಸಿದುಕೊಂಡು ಹೋಗುವುದೂ ಉಂಟು. ಅವು ವಾಪಸ್ ಬರುವ ತನಕ ಕಾಕಾ ಮಾಳಿಗೆಯ ಮೆಟ್ಟಿಲ ಬುಡದಲ್ಲಿ ಎಣಿಸುತ್ತ ನಿಂತಿರುತ್ತಾರೆ.

ಹೋದ ದೀಪಾವಳಿಗೆ ಪುಣೆಯಿಂದ ಬಂದ ಮಗ ಬ್ಯಾಟರಿಯ ಡ್ರಿಲ್ಲೊಂದನ್ನು ತಂದುಕೊಟ್ಟ. ಅದಕ್ಕೆ ಚಾವಿಯಿಲ್ಲದ ಚಕ್ಕು, ಕೈಯಲ್ಲೇ ತಿರುವಿದರೆ ಬಿಗಿಯಾಗುವಂಥದ್ದು. ಕಾಕಾ ಏನೂ ಅನ್ನಲಿಲ್ಲ. ನಡುಮನೆಯ ಕಿಟಕಿಗೆ ಪರದೆಯ ಕೋಲು ಹಾಕಬೇಕು, ಹೋಲ್ ಹೊಡೆದುಕೊಡಿ ಅಂತ ಕಾಕು ಅವತ್ತೇ ಹೇಳಿದರು. ಡ್ರಿಲ್ಲು ಕೊಟ್ಟಿಗೆಗೆ ಹೋಯಿತು, ಬಾಗಿಲು ಮುಚ್ಚಿತು. ಮಗ ಊರು ಮುಟ್ಟಿ ಫೋನ್ ಮಾಡಿದ.

"ಅಪ್ಪಾ, ಮಷೀನ್ ಹೆಂಗೈತಿ?"

"ಏ, ಭಾಳ ಛಲೋ ಐತಿ. ಎಡಚ ಸ್ಕ್ರೂ ಕೊಟ್ಟಾರ, ಆಟಿಗೆ ಅಂಟೂ ಹಾಕ್ಯಾರ. ಒಂದ ಏಟಿಗೆ ಬರಲಿಲ್ಲ, ಸ್ವಲ್ಪ ಬಿಸಿ ಮಾಡಬೇಕಾತು. ಡಯಲ್ ಹಚ್ಚಿ ನೋಡಿದ್ನಿ, ಔಟ್ ಹೇಳಿಕೊಳ್ಳುವಷ್ಟಿಲ್ಲ."

"ಹೋಲ್ ಹೆಂಗ ಬೀಳತಾವು?"

"ಹೋಲ?" ಅಂದರು ಕಾಕಾ. ಹಿಂದಿನಿಂದ ಪರದೆಯ ಕೋಲಿನ ಬಗ್ಗೆ ಕಾಕು ಏನೋ ಗಟ್ಟಿಯಾಗಿ ಹೇಳುತ್ತಿದ್ದರು. "ಮದಲ ಪೂರ್ತಿ ಬಿಚ್ಚಿ ಮುಗಸ್ತೀನಿ ತಡಿ."